ಗಾರ್ನ್ ರೆಪ್ಪೆ ಬಡಿದ ಕಥೆ

ಹಳೆಯ ಧಾರಾವಾಹಿಗಳನ್ನು ತಿಕ್ಕಿ ತೊಳೆದು ಮತ್ತೆ ತೋರಿಸುವವರಿಗೆ ಒಂದು ಮಾತು ಹೇಳಬೇಕು ಸ್ವಾಮಿ: ಸ್ಪಷ್ಟತೆ ಎಲ್ಲರಿಗೂ ಒಗ್ಗುವುದಿಲ್ಲ. ‘ಸ್ಟಾರ್ ಟ್ರೆಕ್’ನ ‘ಅರೀನಾ’ ಕಂತನ್ನೇ ನೋಡಿ. 1967ರ ಜನವರಿ 19ರಂದು ಅಮೆರಿಕದ ಎನ್‌ಬಿಸಿಯಲ್ಲಿ ಬಂದದ್ದು. ಅಂದಿನ ಟೀವಿಯ ಮಬ್ಬಿನಲ್ಲಿ ಹಲ್ಲಿಮೋರೆಯ ಗಾರ್ನ್‌ಗೆ ಒಂದು ಗಾಂಭೀರ್ಯವಿತ್ತು. ಈಗ ಎಚ್‌ಡಿಯಲ್ಲಿ ಅವನ ರಬ್ಬರು ಚರ್ಮದ ಮಡಿಕೆಗಳನ್ನು ಒಂದೊಂದಾಗಿ ಎಣಿಸಬಹುದು. ಮೇಲೆ ಮಿರಮಿರ ಮಿಂಚುವ ಗಿಡ್ಡ ನಿಲುವಂಗಿ ಬೇರೆ. ಯುದ್ಧಕ್ಕೆ ಹೊರಟ ಕ್ಯಾಪ್ಟನ್ನೋ, ಮದುವೆಮನೆಗೆ ಹೊರಟವನೋ, ಹೇಳುವುದು ಕಷ್ಟ.

ಕಥೆ ಸರಳ. ಸೆಸ್ಟಸ್ 3 ಎಂಬ ಗ್ರಹದಲ್ಲಿದ್ದ ಮನುಷ್ಯರ ನೆಲೆಯನ್ನು ಯಾರೋ ಸುಟ್ಟು ಬೂದಿ ಮಾಡಿದ್ದಾರೆ. ಕ್ಯಾಪ್ಟನ್ ಕರ್ಕ್ ಹಲ್ಲು ಕಡಿಯುತ್ತ ಅವರ, ಅಂದರೆ ಗಾರ್ನ್‌ಗಳ, ಹಡಗಿನ ಬೆನ್ನು ಹತ್ತುತ್ತಾನೆ. ದಾರಿಯಲ್ಲಿ ಮೆಟ್ರಾನ್ ಎಂಬ ಮೇಲ್ಮಟ್ಟದ ಜೀವಿಗಳು ಇಬ್ಬರನ್ನೂ ತಡೆದು, ‘ನಮ್ಮ ಸೀಮೆಯಲ್ಲಿ ಗಲಾಟೆ ಬೇಡ. ಕ್ಯಾಪ್ಟನ್‌ಗಳಿಬ್ಬರೇ ಬಡಿದಾಡಿಕೊಳ್ಳಿ, ಸೋತವನ ಹಡಗು ಜನರ ಸಮೇತ ನಿರ್ನಾಮ’ ಎಂದು ಒಂದು ಬರಡು ಗ್ರಹಕ್ಕೆ ಎಸೆಯುತ್ತಾರೆ. ಆ ಬರಡು ಗ್ರಹ ಇರುವುದು ಲಾಸ್ ಏಂಜಲಿಸ್ ಹತ್ತಿರ! ವಾಸ್ಕ್ವೆಜ್ ರಾಕ್ಸ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ವಾಸ್ಕ್ವೆಜ್ ಎಂಬ ದರೋಡೆಕೋರ ಅಲ್ಲಿ ಅಡಗಿಕೊಳ್ಳುತ್ತಿದ್ದ. ಆಮೇಲೆ ಪೊಲೀಸರ ಬದಲು ಸಿನಿಮಾದವರು ಬಂದರು.

ಇನ್ನು ಕಾಳಗ. ವಾ ಚಾಂಗ್ ಎಂಬ ಕುಶಲ ಕಲಾವಿದ ಮಾಡಿಕೊಟ್ಟ ಆ ವೇಷದೊಳಗೆ ಹೊಕ್ಕವರಿಗೆ ಕೈ ಎತ್ತುವುದೇ ಒಂದು ಸಾಹಸ. ಹಾಗಾಗಿ ಗಾರ್ನ್ ಒಂದು ಏಟು ಬೀಸಿ ಇನ್ನೊಂದು ಬೀಸುವುದರೊಳಗೆ ನಾವು ಅಡುಗೆಮನೆಗೆ ಹೋಗಿ ಕಾಫಿ ಬೆರೆಸಿಕೊಂಡು ಬರಬಹುದು. ಕರ್ಕ್ ಕಲ್ಲೆಸೆದರೆ ಅದು ಅವನ ಎದೆಗೆ ಬಡಿದು, ಕ್ಷಮೆ ಕೇಳಿದಂತೆ ಕೆಳಗೆ ಬೀಳುತ್ತದೆ.

2006ರಲ್ಲಿ, ಧಾರಾವಾಹಿಗೆ ನಲವತ್ತು ತುಂಬಿದಾಗ, ಸಿಬಿಎಸ್‌ನವರು ಈ ಹಳೆಯ ಸರಕಿಗೆ ಕೈಹಾಕಿದರು. ಮೂಲ ಚಿತ್ರೀಕರಣ 35 ಮಿಲಿಮೀಟರ್ ಫಿಲ್ಮಿನಲ್ಲಿ ಆಗಿತ್ತು. ಅಂದಿನ ಟೀವಿ ತೋರಿಸಿದ್ದಕ್ಕಿಂತ ಎಷ್ಟೋ ಹೆಚ್ಚು ವಿವರ ಆ ನೆಗೆಟಿವ್‌ನಲ್ಲಿ ತೆಪ್ಪಗೆ ಕೂತಿತ್ತು. ಆದರೆ ಹಡಗು, ಗ್ರಹಗಳ ತಂತ್ರದ ದೃಶ್ಯಗಳು ಫಿಲ್ಮಿನ ಮೇಲೆ ಫಿಲ್ಮ್ ಪ್ರಿಂಟ್ ಹಾಕಿ ಹೊಂದಿಸಿದವು. ಹಿಗ್ಗಿಸಿದರೆ ಬರೀ ಕಾಳುಕಾಳು. ಅವನ್ನೆಲ್ಲ ಕಂಪ್ಯೂಟರಿನಲ್ಲಿ ಹೊಸದಾಗಿ ಕಟ್ಟಿದರು, ಶೀರ್ಷಿಕೆ ಸಂಗೀತವನ್ನೂ ಮತ್ತೆ ನುಡಿಸಿದರು. ಸರಿ, ಗಾರ್ನ್‌ಗೆ ಏನು ಮಾಡಿದರು? ನಡಿಗೆ ಚುರುಕು ಮಾಡಿದರೇ? ಇಲ್ಲ. ಅಂಗಿ ಬದಲಿಸಿದರೇ? ಅದೂ ಇಲ್ಲ. ಕಣ್ಣಿಗೆ ರೆಪ್ಪೆ ಕೊಟ್ಟರು. ನಾಲ್ಕು ದಶಕ ಬೆಳ್ಳಿಗಣ್ಣು ಬಿಟ್ಟುಕೊಂಡೇ ನಿಂತಿದ್ದ ಗಾರ್ನ್ ಪಟಕ್ಕನೆ ಕಣ್ಣು ಮಿಟುಕಿಸಿದ!

ತಗೊಳ್ಳಿ, ಶುರುವಾಯಿತು ಮಡಿವಂತರ ಗೋಳು. ‘ಹಳೆಯದನ್ನು ಮುಟ್ಟಬಾರದಿತ್ತು’ ಎಂದು. ಬ್ಲೂ-ರೇನಲ್ಲಿ ಹಳೆಯ ದೃಶ್ಯ ಬೇಕೋ ಹೊಸದು ಬೇಕೋ ಆರಿಸಿಕೊಳ್ಳಿ ಎಂದು ಎರಡನ್ನೂ ಇಟ್ಟುಕೊಟ್ಟರು, ಆದರೆ ಕೊರಗುವವರಿಗೆ ಆಯ್ಕೆ ಕೊಟ್ಟರೆ ಕೊರಗು ಇಮ್ಮಡಿಯಾಗುತ್ತದಷ್ಟೆ.

ನನ್ನನ್ನು ಕೇಳಿದರೆ ಆ ರೆಪ್ಪೆ ಕೊಟ್ಟವನಿಗೆ ಹಾರ ಹಾಕಬೇಕು. ಹಾರ ಎಂದಾಗ ದಮಯಂತಿ ನೆನಪಾದಳು. ಸ್ವಯಂವರದಲ್ಲಿ ನಳನ ರೂಪ ತಾಳಿ ಕೂತ ದೇವತೆಗಳ ನಡುವೆ ಅಸಲಿ ನಳನನ್ನು ಅವಳು ಹುಡುಕಿದ್ದು ಹೇಗೆ? ದೇವತೆಗಳು ರೆಪ್ಪೆ ಬಡಿಯುವುದಿಲ್ಲ, ಬೆವರುವುದಿಲ್ಲ. ರೆಪ್ಪೆ ಬಡಿದವನು ನಮ್ಮವನು. ‘ಅರೀನಾ’ದ ಗುಟ್ಟೂ ಇದೇ ಅಲ್ಲವೇ? ಕರ್ಕ್ ಗಂಧಕ, ಇದ್ದಿಲು, ಪೆಟ್ಲುಪ್ಪು ಅರೆದು, ಬಿದಿರ ತುಂಡಿಗೆ ತುಂಬಿ, ವಜ್ರದ ಹರಳುಗಳನ್ನೇ ಗುಂಡು ಮಾಡಿ ಹಾರಿಸಿ ಗಾರ್ನ್‌ನನ್ನು ಕೆಡವುತ್ತಾನೆ. (‘ಮಿತ್‌ಬಸ್ಟರ್ಸ್’ ಎಂಬ ಟೀವಿ ಕಾರ್ಯಕ್ರಮದವರು ಮಾಡಿ ನೋಡಿದಾಗ ಬಿದಿರೇ ಸಿಡಿಯಿತು, ಕರ್ಕ್‌ಗೆ ಕಥೆಗಾರರ ಕೃಪೆಯಿತ್ತು.) ಅಷ್ಟರಲ್ಲಿ ಗೊತ್ತಾಗಿರುತ್ತದೆ: ಗಾರ್ನ್‌ಗಳ ಲೆಕ್ಕದಲ್ಲಿ ಸೆಸ್ಟಸ್ 3 ಅವರ ನೆಲ, ಒತ್ತುವರಿ ಮಾಡಿದವರು ಮನುಷ್ಯರೇ. ಕರ್ಕ್ ಕೈಯಲ್ಲಿದ್ದ ಕಲ್ಲಿನ ಬಾಕನ್ನು ಬಿಸುಡುತ್ತಾನೆ, ಕೊಲ್ಲಲೊಲ್ಲೆ ಎನ್ನುತ್ತಾನೆ. 1944ರಲ್ಲಿ ಇದೇ ಹೆಸರಿನ ಕಥೆ ಬರೆದ ಫ್ರೆಡ್ರಿಕ್ ಬ್ರೌನ್ ಇಷ್ಟು ಕರುಣೆ ತೋರಿಸಿರಲಿಲ್ಲ. ಅಲ್ಲಿ ಮನುಷ್ಯ ಎದುರಾಳಿಯನ್ನು ಮುಗಿಸಿಯೇ ಬಿಡುತ್ತಾನೆ. ಆದರೆ ಆ ಎದುರಾಳಿ ಒಂದು ಕೆಂಪು ಚೆಂಡು. ಚೆಂಡಿಗೆಲ್ಲಿಯ ರೆಪ್ಪೆ, ಪಾಪ!

ಎದುರಿಗಿರುವವನೂ ತನ್ನಂಥ ಒಬ್ಬ ಎಂದು ಕರ್ಕ್‌ಗೆ ಹೊಳೆಯಬೇಕಾದ ಕಥೆಯಲ್ಲಿ ಆ ಒಬ್ಬ ಕಣ್ಣು ಮಿಟುಕಿಸದಿದ್ದರೆ ಹೇಗೆ? ಕೋಟಿ ಗ್ರಹಗಳನ್ನು ಹೊಸದಾಗಿ ಸುತ್ತಿಸಿದರೂ ಅಷ್ಟು ಕೆಲಸ ಆಗುತ್ತಿರಲಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದ್ದು ಅದಕ್ಕಿಂತ ದೊಡ್ಡ ಜಾಣತನ. ಈಚಿನ ‘ಸ್ಟಾರ್ ಟ್ರೆಕ್’ ಧಾರಾವಾಹಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ನ ಗಾರ್ನ್‌ಗಳು ಚಿರತೆಯಂತೆ ಎಗರುತ್ತವೆ. ಅವುಗಳನ್ನು ಕಂಡರೆ ಓಡಬೇಕೆನಿಸುತ್ತದೆಯೇ ಹೊರತು ಮಾತಿಗೆ ನಿಲ್ಲಬೇಕೆನಿಸುವುದಿಲ್ಲ. ನಮ್ಮ ಹಳೆಯ ಗಾರ್ನ್ ಹಾಗಲ್ಲ. 2013ರಲ್ಲಿ ಒಂದು ವಿಡಿಯೋ ಗೇಮಿನ ಜಾಹೀರಾತಿಗೆ ಕರ್ಕ್ ಪಾತ್ರಧಾರಿ, ಎಂಬತ್ತು ದಾಟಿದ ವಿಲಿಯಂ ಶಾಟ್ನರ್ ಜೊತೆ ಮನೆಯೊಳಗೇ ಮತ್ತೊಂದು ಸುತ್ತು ಕುಸ್ತಿ ಆಡಿದ. ಇಬ್ಬರದೂ ಅದೇ ನಿಧಾನ; ಈ ಸಲವಾದರೂ ವಯಸ್ಸಿನ ನೆಪ ಇತ್ತು.