ಚಾಕೂ ಕಾಕಾ

ಹಗ್ಗದ ತುದಿಯೊಂದನ್ನು ತುಂಡರಿಸಬೇಕಾಗಿ ಬಂದಾಗ ಹಲ್ಲಿಗೆ ಹಚ್ಚುವವರು, ಕಲ್ಲಿನ ಮೇಲಿಟ್ಟು ಮತ್ತೊಂದು ಕಲ್ಲಿನಿಂದ ಜಜ್ಜುವವರು, ‘ಯಾರ ಹತ್ರರೆ ಏನರೆ ಐತೇನ್ರೋ’ ಎಂದು ನಾಲ್ಕು ದಿಕ್ಕಿಗೂ ಕೂಗುವವರು, ಹೀಗೆ ಮನುಷ್ಯಕುಲದ ಬಹುಭಾಗವು ಹಂಚಿಹೋಗಿರುವಲ್ಲಿ, ಇವರಾರ ಸಾಲಿಗೂ ಸೇರದೆ, ಆ ಒಂದು ಗಳಿಗೆಗಾಗಿಯೇ ಜನ್ಮವೆತ್ತಿ ಬಂದವರಂತೆ ಗಂಭೀರವದನರಾಗಿ ಒಳಗಿಸೆಗೆ ಕೈಯಿಕ್ಕುವ ಮಹನೀಯರು ಊರಿಗೊಬ್ಬರಾದರೂ ಇದ್ದೇ ಇರುತ್ತಾರೆ. ಗದಗು-ಬೆಟಗೇರಿಯ ಮಗ್ಗುಲಿನ ನಮ್ಮ ಮಲ್ಲಸಮುದ್ರದಲ್ಲಿ ಆ ಪದವಿಯು ನಮ್ಮ ಕಾಕಾ ಅವರಿಗೆ ಸಂದದ್ದು. ರಕ್ತಸಂಬಂಧದಿಂದ ಅವರು ನಮ್ಮ ಮನೆಯವರಿಗಷ್ಟೇ ಕಾಕಾ. ಚಾಕುವಿನ ಸಂಬಂಧದಿಂದ ಊರಿಗೆಲ್ಲ ಕಾಕಾ. ತಂದೆತಾಯಿಗಳಿಟ್ಟ ನಾಮಧೇಯವು ಹೊಲದ ಉತಾರದಲ್ಲಿ ಮಾತ್ರ ಉಳಿದುಕೊಂಡಿದ್ದು, ಮಿಕ್ಕೆಲ್ಲ ಲೋಕವ್ಯವಹಾರವೂ ‘ಚಾಕೂ ಕಾಕಾ’ ಎಂಬ ಪ್ರಾಸಬದ್ಧ ಬಿರುದಿನಿಂದಲೇ ಸಾಗುತ್ತದೆ.

ಅಪರಿಚಿತರು ಅವರನ್ನು ಗುರುತಿಸುವ ಬಗೆ ಸುಲಭ. ಬಲಗೈಯ ಮುಂದೋಳಿನಲ್ಲಿ ವಯೋಧರ್ಮಕ್ಕೆ ಅನುಗುಣವಾಗಿ ನರೆತ ರೋಮಗಳು ಸಮೃದ್ಧವಾಗಿವೆ. ಎಡಗೈಯ ಮುಂದೋಳಿನಲ್ಲಿಯಾದರೋ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ, ಅಂಗೈಯಗಲದ ಒಂದು ಬರಡುಭೂಮಿ. ಹರಿತದ ಪರೀಕ್ಷೆಗೆ ಅವರು ಮೀಸಲಿಟ್ಟ ಕ್ಷೇತ್ರವದು. ಅಲಗನ್ನು ಬಿಚ್ಚಿ, ಧೋತರದ ಚುಂಗಿನಿಂದ ಒರೆಸಿ, ಕನ್ನಡಿಗೆ ಊದುವಂತೆ ಒಮ್ಮೆ ಬಿಸಿಯುಸಿರೂದಿ, ಆ ಮಂಜು ಅಂಚಿನಿಂದ ಬೆನ್ನಿನ ಕಡೆಗೆ ಆರುವುದನ್ನು ಕಣ್ಣು ಕಿರಿದುಮಾಡಿ ನೋಡಿ, ಬಳಿಕ ಆ ಕ್ಷೇತ್ರದಲ್ಲಿ ಅಕಸ್ಮಾತ್ತಾಗಿ ಚಿಗುರಿದ ಒಂದೆರಡು ರೋಮಗಳನ್ನು ಸವರಿ, ‘ಹೂಂ’ ಎನ್ನುತ್ತಾರೆ. ಆ ‘ಹೂಂ’ಕಾರದಲ್ಲಿ ಸಂತೋಷವು ಎಂದೂ ಪೂರ್ಣವಾಗಿ ಇದ್ದದ್ದನ್ನು ನಾನು ಕೇಳಿಲ್ಲ.

ಏತಕ್ಕೆಂದರೆ, ಕಳೆದ ಮೂವತ್ತು ವರ್ಷಗಳಿಂದ ಕಾಕಾ ಅವರು ದಿನಬಳಕೆಗೆ ಒಂದು ಮಡಚುವ ಚಾಕುವನ್ನು ಆರಿಸುತ್ತಿದ್ದಾರೆ. ಕೊಂಡದ್ದಿಲ್ಲವೆಂದಲ್ಲ; ಮನೆಯ ಟ್ರಂಕಿನಲ್ಲಿ, ಕೊಬ್ಬರಿ ಎಣ್ಣೆ ಸವರಿದ ಅರಿವೆಯ ಮಡಿಕೆಗಳಲ್ಲಿ, ಹದಿನಾಲ್ಕು ಚಾಕುಗಳು ಗರ್ಭಸ್ಥ ಶಿಶುಗಳಂತೆ ಮೈ ಮಡಚಿಕೊಂಡು ಪವಡಿಸಿವೆ. ಆದರೆ ಅವೆಲ್ಲವೂ ‘ಸದ್ಯಕ್ಕ’ ಕೊಂಡವು. ‘ಇದೇ’ ಎಂಬ ಚಾಕು ಇನ್ನೂ ದೊರೆಯಬೇಕಾಗಿದೆ. ಕಾಕು ಅವರನ್ನು ಕನ್ಯಾ ನೋಡಲು ಹೋದ ದಿನ, ಮುಂದಿಟ್ಟ ಅವಲಕ್ಕಿಯು ತಾಟಿನಲ್ಲಿ ಮುಗಿಯುವುದರೊಳಗಾಗಿಯೇ ಇವರು ಒಪ್ಪಿಗೆಯ ತಲೆಯಾಡಿಸಿದ್ದರೆಂಬುದನ್ನು ನೆನೆದರೆ, ಮನುಷ್ಯನ ವಿವೇಚನಾಶಕ್ತಿಯು ಎಲ್ಲಿ ಹರಿಯುತ್ತದೆ, ಎಲ್ಲಿ ಇಂಗುತ್ತದೆ ಎಂಬುದು ವಿಧಿಗೂ ತಿಳಿಯದೆಂದು ತೋರುತ್ತದೆ.

ಗದಗಿನ ತೋಂಟದಾರ್ಯ ಮಠದ ಜಾತ್ರೆಯೇ ಆಗಲಿ, ಶಿರಹಟ್ಟಿಯ ಫಕೀರೇಶ್ವರನ ಜಾತ್ರೆಯೇ ಆಗಲಿ, ದೇವರ ದರ್ಶನವನ್ನು ಶಾಸ್ತ್ರೋಕ್ತವಾಗಿ ಮುಗಿಸಿ ಕಾಕಾ ಅವರು ನೆಟ್ಟಗೆ ಬರುವುದು ಕಬ್ಬಿಣ-ಹಿತ್ತಾಳೆಯ ಸಾಮಾನುಗಳನ್ನು ಹರವಿಕೊಂಡು ಕುಳಿತವರ ಸಾಲಿಗೆ. ಒಮ್ಮೆ ಅವರೊಡನೆ ವೀರನಾರಾಯಣನ ಗುಡಿಗೆ ಹೋಗಿದ್ದೆ. ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ರಚಿಸಿದನೆಂದು ಪ್ರತೀತಿಯಿರುವ ಕಂಬದ ಮುಂದೆ ಅವರು ಬಹಳ ಹೊತ್ತು ಮೌನವಾಗಿ ನಿಂತದ್ದನ್ನು ಕಂಡು, ಕಾವ್ಯವು ಈ ಹೃದಯವನ್ನೂ ತಟ್ಟಿತಲ್ಲಾ ಎಂದು ನಾನು ಪುಲಕಿತನಾಗುವಷ್ಟರಲ್ಲಿ, ಕಾಕಾ ಅವರು ನಿಟ್ಟುಸಿರಿಟ್ಟು ಕೇಳಿದರು: “ಅಷ್ಟೂ ಓಲಿಗರಿ ಒಂದೇ ಅಳತಿಗೆ ಕೊಯ್ದು ಜೋಡಸ್ಬೇಕಾದ್ರ, ಆವಾಗ ಎಂಥಾ ಚಾಕೂ ಇದ್ದೀತು?”

ಅಂಗಡಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತರೆಂದರೆ ಒಂದು ತಾಸು. ಅಲಗಿನ ಬೆನ್ನ ಬಳಿ ಉಗುರು ಸಿಗಿಸಲೆಂದು ಕೊರೆದ ಗೀರಿನಲ್ಲಿ ಹೆಬ್ಬೆರಳಿನ ಉಗುರನ್ನಿಟ್ಟು ಬಿಚ್ಚುವರು; ಅದು ‘ಟಕ್’ಎಂದು ನಿಲ್ಲಬೇಕು. ಮಡಚಿದರೆ ‘ಟಪ್’ಎಂದು ಕೂರಬೇಕು. ಇದಕ್ಕೆ ಅಗುಳಿ-ಚಿಲಕಗಳಿಲ್ಲ, ಹಿಡಿಕೆಯ ಬೆನ್ನಿಗೆ ಅಡಗಿರುವ ಉಕ್ಕಿನ ಪಟ್ಟಿಯ ಬಿಗುವೊಂದೇ ಅಲಗನ್ನು ತೆರೆದಲ್ಲಿ ತೆರೆದಂತೆ, ಮುಚ್ಚಿದಲ್ಲಿ ಮುಚ್ಚಿದಂತೆ ಹಿಡಿದಿರುವುದು. ಬಿಗುವು ಹೆಚ್ಚಾದರೆ ಉಗುರು ಮುರಿಯುತ್ತದೆ, ಕಡಿಮೆಯಾದರೆ ಬೆರಳಿನ ಮೇಲೆಯೇ ಮುಚ್ಚಿಕೊಳ್ಳುತ್ತದೆ. ಆಮೇಲೆ ತುದಿ ಹಿಡಿದು ಅತ್ತಿತ್ತ ಅಲುಗಿಸಿ ಮೊಳೆ ಸಡಿಲವೇ ಎಂದು ನೋಡುವುದು. ಆಕಾಶಕ್ಕೆ ಹಿಡಿದು, ಮಡಚಿದ ಅಲಗು ಎರಡು ಪಕ್ಕಗಳ ನಟ್ಟನಡುವೆ ಬಂದಿದೆಯೇ, ವಾರೆಯೇ ಎಂದು ಒಂದೇ ಕಣ್ಣಿನಿಂದ ಈಕ್ಷಿಸುವುದು. ಹಿಡಿಕೆ ಕೋಡಿನದೋ, ಕಟ್ಟಿಗೆಯದೋ, ಕೋಡಿನ ಸೋಗು ಹಾಕಿದ ಪ್ಲಾಸ್ಟಿಕ್ಕಿನದೋ ಎಂದು ಮೂಸುವುದು. ಮೂಸಿದ್ದನ್ನು ಕಂಡ ವ್ಯಾಪಾರಿಯೊಬ್ಬನ ಸಹನೆಯು ಒಂದು ಸಲ ಹರಿದುಹೋಯಿತು.

“ಯಜಮಾನ್ರ, ತಗೊಳ್ಳೋದು ಒಂದು, ನೋಡೋದು ಒಂದು ಗಾಡಿ ಆತಲ್ರೀ.”

“ತಮ್ಮಾ, ಇದು ಎದಿ ಹತ್ರ ಇಟ್ಕೊಂಡು ತಿರಗೋ ವಸ್ತು. ಗುರ್ತು ಇಲ್ಲದವರನ್ನ ಎದಿ ಹತ್ರ ಬಿಟ್ಕೋಬಾರ್ದು.”

ಆ ದಿನವೂ ಒಂದನ್ನು ಕೊಂಡರು, ಸದ್ಯಕ್ಕ.

ರಾಮಪುರಿಯ ಮಾತೆತ್ತಿದರೆ ಮಾತ್ರ ಅವರ ಮುಖವು ಕಪ್ಪಿಡುತ್ತದೆ. ಉತ್ತರಪ್ರದೇಶದ ರಾಮಪುರದ ಕುಶಲಕರ್ಮಿಗಳ ಕೈಚಳಕವನ್ನು ಅವರು ಅಲ್ಲಗಳೆಯುವುದಿಲ್ಲ. ಆದರೆ ಹಿಂದೀ ಚಿತ್ರಗಳ ಖಳನಾಯಕರು ಅದನ್ನು ಕರಕರನೆ ಬಿಚ್ಚಿ ಬಿಚ್ಚಿ, ಉಳ್ಳಾಗಡ್ಡಿ ಹೆಚ್ಚುವ ಸಭ್ಯರ ಚಾಕುವಿಗೂ ಕೆಟ್ಟ ಹೆಸರು ತಂದರೆಂಬುದು ಅವರ ದೂರು. ತಮ್ಮ ಸಭ್ಯತೆಗೆ ಸಾಕ್ಷಿಯಾಗಿ ಕಾನೂನನ್ನೇ ಬಾಯಿಪಾಠ ಮಾಡಿಕೊಂಡಿದ್ದಾರೆ: 1959ರ ಆಯುಧಗಳ ಕಾಯದೆ, ಅದರಡಿಯ ನಿಯಮಗಳು, ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಾದ ಅಲಗುಗಳು ಆಯುಧಗಳ ಪಟ್ಟಿಗೆ ಸೇರತಕ್ಕವು, ಮನೆಗೆಲಸಕ್ಕೂ ಒಕ್ಕಲುತನಕ್ಕೂ ಮಾಡಿದವುಗಳನ್ನು ಹೊರತುಪಡಿಸಿ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಂಡಕ್ಟರನು ಚಿಲ್ಲರೆ ಕೇಳಿದಾಗ ಕಿಸೆಯಿಂದ ಮೊದಲು ಚಾಕುವೇ ಹೊರಬಂದುದರಿಂದ, ಈ ಕಲಮುಗಳಷ್ಟನ್ನೂ ಅವನಿಗೆ ವಿವರಿಸಿ, ಜೊತೆಗಿದ್ದ ಫೂಟುಪಟ್ಟಿಯಿಂದ ಅಲಗು ಅಳೆದು ಮೂರೇ ಇಂಚೆಂದು ತೋರಿಸಿದರು. ಅವನು ಹೆದರಿದ್ದು ಚಾಕುವಿಗೋ, ಫೂಟುಪಟ್ಟಿಗೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ತಮ್ಮನು ಯುರೋಪಿಗೆ ಹೋಗಿಬಂದಾಗ ಕಾಕಾ ಅವರಿಗೆಂದು ಒಪಿನೆಲ್ ಎಂಬ ಫ್ರೆಂಚ್ ಚಾಕುವನ್ನು ತಂದುಕೊಟ್ಟನು. ಅದರ ಚರಿತ್ರೆಯನ್ನು ಕೇಳಿ ಕಾಕಾ ಅವರಿಗೆ ರೋಮಾಂಚವಾಯಿತು (ಬಲಗೈಯಲ್ಲಿ). ಸವಾಯ್ ಎಂಬ ಪರ್ವತಸೀಮೆಯಲ್ಲಿ, 1890ರಲ್ಲಿ, ಹರಿತದ ಹತ್ಯಾರುಗಳನ್ನು ಮಾಡುವವನ ಮಗನಾದ ಜೋಸೆಫ್ ಒಪಿನೆಲ್ ಎಂಬ ಹದಿನೆಂಟರ ಹುಡುಗನು ರೈತರ ಕಿಸೆಗೆಂದು ಈ ಕಟ್ಟಿಗೆ ಹಿಡಿಕೆಯ ಚಾಕುವನ್ನು ರೂಪಿಸಿದನು; 1955ರಲ್ಲಿ ಅದರ ಕುತ್ತಿಗೆಗೆ, ತಿರುವಿದರೆ ಅಲಗು ಅಲುಗದಂತೆ ಹಿಡಿಯುವ ಉಂಗುರವೊಂದು ಬಂದಿತು. ಹದಿನೆಂಟಕ್ಕೇ ಒಂದು ಚಾಕುವನ್ನು ನಿಶ್ಚಯಿಸಿ ಅದರಲ್ಲೇ ಬಾಳು ಸವೆಸಿದ ಆ ಪುಣ್ಯಾತ್ಮನ ದಾರ್ಢ್ಯವು ಕಾಕಾ ಅವರಿಗೆ ಆದರ್ಶವಾಗಬಹುದೆಂದು ನಾವು ಆಶಿಸಿದೆವು. ಒಂದು ವಾರ ಎಲ್ಲವೂ ಸೊಗಸಾಗಿತ್ತು. ಎಂಟನೆಯ ದಿನ ತಮ್ಮನಿಗೆ ಫೋನು ಹೋಯಿತು: ಹಿಡಿಕೆಯ ಮೇಲೆ 8 ಎಂದು ಬರೆದಿದೆ, ಏನದು? ಅಳತೆಯ ಪ್ರಕಾರ ಒಂದರಿಂದ ಹನ್ನೆರಡರವರೆಗೆ ನಂಬರುಗಳನ್ನು ಕೊಟ್ಟಿದ್ದರೆಂದೂ, ತಂದದ್ದು ಎಂಟನೆಯದೆಂದೂ ಅವನು ತಿಳಿಯದೆ ಸತ್ಯವನ್ನು ನುಡಿದನು. ಅಂದಿನಿಂದ ಕಾಕಾ ಅವರ ನಿದ್ರೆಯನ್ನು ಏಳನೆಯ ನಂಬರು ಅಪಹರಿಸಿದೆ. ಎರಡರ ಅಲಗಿಗೂ ಇರುವ ಅಂತರ ಅರ್ಧ ಸೆಂಟಿಮೀಟರಿನ ಆಸುಪಾಸು. “ಆ ಅರ್ಧಾದಾಗನ ಎಲ್ಲಾ ಐತಿ,” ಎನ್ನುತ್ತಾರೆ.

ಪರದೇಶದ ಸರಕಿನ ಸ್ತುತಿಯು ಅತಿಯಾಯಿತೆನ್ನಿಸಿದಾಗ ಸ್ವದೇಶಾಭಿಮಾನವು ಜಾಗ್ರತವಾಗುವುದೂ ಉಂಟು. ಹಿಂದೂಸ್ಥಾನದ ಉಕ್ಕಿನ ಮಾದರಿಗಳು ಮುಂಬಯಿಯಿಂದ ಲಂಡನ್ನಿಗೆ ಹೋದುವು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬವನು ಅಲ್ಲಿಯ ರಾಯಲ್ ಸೊಸೈಟಿಯಲ್ಲಿ ಅದನ್ನು ಕುರಿತು ಪ್ರಬಂಧವೋದಿದನು. ಇಂಗ್ಲಿಷರು ಅದಕ್ಕೆ ‘ವುಟ್ಜ್’ ಎಂದದ್ದು ನಮ್ಮ ‘ಉಕ್ಕು’ ಎಂಬ ಶಬ್ದವೇ ಅವರ ನಾಲಗೆಯಲ್ಲಿ ತಿರುಚಿಕೊಂಡದ್ದೆಂದು ಬಲ್ಲವರು ಹೇಳುತ್ತಾರೆ. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆಯು, ವಿದ್ಯುತ್ತಿನ ಕೀರ್ತಿಗೆ ಮುನ್ನ, ಇದರ ಗುಟ್ಟನ್ನು ಕಾಣಲು ತಿಣುಕಾಡಿದವನೇ. ಇಷ್ಟನ್ನು ಎಲ್ಲಿಯೋ ಓದಿಕೊಂಡ ಕಾಕಾ ಅವರು ನೇರವಾಗಿ ಊರ ಕುಲುಮೆಗೆ ನಡೆದು, ಕುಡಗೋಲು ಹಣಿಸಲು ಬಂದವರ ಸರದಿಯನ್ನು ತಪ್ಪಿಸಿ, ಲಾರಿಯ ಹಳೆಯ ಪಾಟಾದ ತುಂಡೊಂದನ್ನು ಮುಂದಿಟ್ಟರು. ಕಮ್ಮಾರನು ಕಾಸಿ ಬಡಿದು, ಕೆಂಪಗಿರುವಾಗಲೇ ಚುಂಯ್ಯೆಂದು ನೀರು ಕುಡಿಸಿ, ಒರಟು ಕಲ್ಲಿಗುಜ್ಜಿ ಬೆಳ್ಳಗೆ ಮಾಡಿ, ಹದಕ್ಕೆಂದು ಮತ್ತೆ ಕೆಂಡದ ಹತ್ತಿರ ಹಿಡಿದನು. ಅಲಗಿನ ಮೇಲೆ ಒಣಹುಲ್ಲಿನ ಹಳದಿ ಹರಿದು ಬರುತ್ತಿದ್ದಂತೆ ತೆಗೆಯಬೇಕು. ನೀಲಿಗೆ ತಿರುಗಿದರೆ ಅಂಚು ಮೆತ್ತಗಾಗುತ್ತದೆ. ಆ ಬಣ್ಣ ಹರಿಯುವುದನ್ನು ಕಾಕಾ ಅವರು ಉಸಿರು ಹಿಡಿದು ನೋಡಿದ ಪರಿಯನ್ನು ನಾನು ಮರೆಯಲಾರೆ. ಹಸಿದ ಕೂಸು ಹಾಲಿನ ಬಟ್ಟಲನ್ನು ನೋಡುವುದು ಹಾಗೆ. ಚಾಕು ನಿಜಕ್ಕೂ ಉತ್ತಮವಾಗಿತ್ತು. ಮಾರನೆಯ ದಿನ ಅದರಿಂದ ಮಾವಿನಕಾಯಿ ಕೊಯ್ದರು. ಹುಳಿ ತಾಗಿ ಅಲಗೂ ಕಪ್ಪಾಯಿತು, ಹೋಳೂ ಕಪ್ಪಾಯಿತು. ಕಾಕು ಆ ಹೋಳುಗಳನ್ನು ಎತ್ತಿ ಎಮ್ಮೆಯ ಬಾನಿಗೆ ಹಾಕಿ, ತಮ್ಮ ಈಳಿಗೆಯ ಮೇಲೆ ಹೊಸ ಕಾಯಿ ಕೊಯ್ದರು.

ಈ ಈಳಿಗೆಯ ಸಂಗತಿಯು ಆ ಮನೆಯ ಸೂಕ್ಷ್ಮ ಪ್ರಕರಣ. ಲಗ್ನದಲ್ಲಿ ತವರಿನಿಂದ ಬಂದದ್ದು. ನಲವತ್ತು ವರ್ಷ ಬದನೀಕಾಯಿ, ಕುಂಬಳಕಾಯಿ, ತೆಂಗಿನ ತುರಿ, ಎಲ್ಲವನ್ನೂ ತೀರಿಸಿಯೂ ಯಾರ ‘ಹೂಂ’ಕಾರವನ್ನೂ ಬೇಡಿಲ್ಲ. ಮಾನಮಿಯ ಖಂಡೇಪೂಜೆಯ ದಿನ ಹದಿನಾಲ್ಕು ಚಾಕುಗಳೂ ಮಣೆಯ ಮೇಲೆ ಕುಂಕುಮ ಧರಿಸಿ ಸಾಲಾಗಿ ಮಂಡಿಸಿದಾಗ, ಕಾಕು ಸದ್ದಿಲ್ಲದೆ ಈಳಿಗೆಯನ್ನು ತಂದು ಸಾಲಿನ ಕಡೆಗಿಟ್ಟು, ಇದ್ದುದರಲ್ಲಿ ದೊಡ್ಡ ಚೆಂಡು ಹೂವನ್ನು ಅದರ ಮೂಗಿಗೆ ಸಿಗಿಸುತ್ತಾರೆ.

ಕೇಳಿದವರಿಗೆ ಕಾಕಾ ಅವರು ಚಾಕು ಕೊಡುವುದಿಲ್ಲ. ಮೊದಲು ವಿಚಾರಣೆ: ಏನು ಕೊಯ್ಯಬೇಕು, ಎಷ್ಟು ದಪ್ಪ, ಒಣದೋ ಹಸಿಯದೋ? ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆಂಬ ಹಿರಿಯರ ನಂಬಿಕೆಯನ್ನು ಅವರು, ಕೊಡದಿರುವುದಕ್ಕೆ ಸಿಕ್ಕ ಶಾಸ್ತ್ರಾಧಾರವೆಂದೇ ಗೌರವಿಸುತ್ತಾರೆ. ಇದೇ ಗದಗು ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರ ಸಾಲಕ್ಕೆ ಸಹಕಾರಿ ಸಂಘವು ಹುಟ್ಟಿ ದೇಶಕ್ಕೇ ದಾರಿ ತೋರಿಸಿತು; ಚಾಕುವಿನ ಸಾಲಕ್ಕೆ ಮಾತ್ರ ಮಲ್ಲಸಮುದ್ರದಲ್ಲಿ ಇನ್ನೂ ದಾರಿ ತೆರೆದಿಲ್ಲ.

ಆದರೂ ಒಮ್ಮೆ ಅವರ ಗಳಿಗೆ ಬಂದಿತ್ತು. ಊರ ವಾಚನಾಲಯದ ಪ್ರಾರಂಭೋತ್ಸವ. ಬಾಗಿಲಿಗೆ ಕೆಂಪು ರಿಬ್ಬನ್ನು, ಮುಂದೆ ವಯೋವೃದ್ಧರಾದ ಅತಿಥಿಗಳು, ತಾಟಿನಲ್ಲಿ ಅರಿಷಿಣ-ಕುಂಕುಮ, ಹೂವು, ಊದಿನಕಡ್ಡಿ, ಎಲ್ಲವೂ ಇದ್ದು, ಕತ್ತರಿಯೊಂದೇ ಇರಲಿಲ್ಲ. ಮುನ್ನೂರು ಕಣ್ಣುಗಳು ಏಕಕಾಲಕ್ಕೆ ಕಾಕಾ ಅವರ ಕಡೆ ತಿರುಗಿದುವು. ಅವರು ಎದ್ದು ನಿಂತು, ಒಳಗಿಸೆಯಿಂದ ಒಂದನ್ನು, ಪಕ್ಕದ ಕಿಸೆಯಿಂದ ಎರಡನ್ನು ತೆಗೆದು, ಅಂಗೈಯಲ್ಲಿ ಮೂರನ್ನೂ ಹರವಿದರು. ರೇಷ್ಮೆಗೆ ತೆಳುವಾದ ಅಲಗು ಬೇಕು, ತೆಳುವಾದದ್ದು ಮಾವಿನಕಾಯಿ ಕೊಯ್ದದ್ದು, ಮಂಗಲಕಾರ್ಯಕ್ಕೆ ಕಪ್ಪು ಸಲ್ಲದು, ಹೊಳಪಿನದು ದಪ್ಪ, ಮೂರನೆಯದು ಎಂಟನೆಯ ನಂಬರಿನದು, ಏಳಾಗಿದ್ದರೆ ಚೆನ್ನಿತ್ತು. ಕಾಕಾ ಅವರು ಮೊದಲನೆಯದನ್ನು ಬಿಚ್ಚಿ ಉಸಿರೂದುತ್ತಿದ್ದಂತೆ, ಅತಿಥಿಗಳು ರಿಬ್ಬನ್ನಿನ ಗಂಟನ್ನು ಮೆಲ್ಲನೆ ಎರಡು ಬೆರಳಿನಿಂದ ಬಿಚ್ಚಿ, ಸುರುಳಿ ಸುತ್ತಿ, ಎದುರಿಗಿದ್ದ ಹುಡುಗಿಯೊಬ್ಬಳ ಕೈಗಿತ್ತು, ‘ಜಡೆಗೆ ಕಟ್ಟಿಕೊಳ್ಳವ್ವಾ’ ಎಂದು ಒಳಗೆ ಹೋದರು. ಚಪ್ಪಾಳೆಯಾಯಿತು.

ಮೊನ್ನೆ ಎಳ್ಳಮಾಸಿಗೆ ಚರಗ ಚೆಲ್ಲಲೆಂದು ಎರೆಯ ಹೊಲಕ್ಕೆ ಹೋಗಿದ್ದೆವು. ಬಿಳಿಜೋಳದ ತೆನೆ ಹಾಲುಗಾಳಿನಲ್ಲಿತ್ತು. ಬನ್ನಿಯ ಗಿಡದ ಬುಡದಲ್ಲಿ ಬುತ್ತಿ ಬಿಚ್ಚಿ, ಸಜ್ಜೆರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ, ಗಡಿಗೆಯ ಮೊಸರು ಎಲ್ಲವನ್ನೂ ಹರವಿದ ಮೇಲೆ ಉಳ್ಳಾಗಡ್ಡಿ ಬಂದಿತು. ಕಾಕಾ ಅವರು ಪಾಟಾದ ಚಾಕುವನ್ನು ತೆಗೆದು, ಹಿತ್ತಾಳೆಯ ತಾಟಿನ ಮೇಲೆ ಒಂದು ಗಡ್ಡೆಯನ್ನಿಟ್ಟು, ಎಂಟು ಎಸಳುಗಳಾಗಿ, ಕಮಲವೇ ಅರಳಿತೋ ಎಂಬಂತೆ, ಬುಡ ಬಿಡದೆ ಕೊಯ್ದು ನಡುವಿಗಿಟ್ಟರು. ಎಲ್ಲರೂ ಅದನ್ನು ಕಂಡು ತಲೆದೂಗಿದೆವು. ಬಳಿಕ ಆಳುಮಗನು ಉಳಿದ ಗಡ್ಡೆಗಳನ್ನು ಒಂದೊಂದಾಗಿ ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿದನು. ರಸ ಸಿಡಿದು ಖಾರದ ಗಾಳಿ ಕಣ್ಣಿಗೆ ಬಡಿಯಿತು. ಅವನ್ನೇ ಎಲ್ಲರೂ ಹರಿದುಕೊಂಡು ರೊಟ್ಟಿಗೆ ಹಚ್ಚಿಕೊಂಡರು. ಕಮಲವು ತಾಟಿನಲ್ಲಿ ಹಾಗೆಯೇ ಅರಳಿ ಕುಳಿತಿತ್ತು. ಕಾಕಾ ಅವರು ಎರಡು ತುತ್ತು ತಾವು ಕೊಯ್ದದ್ದನ್ನೇ ತಿಂದರು. ಮೂರನೆಯ ತುತ್ತಿಗೆ, ಕಾಕು ಆ ಕಡೆ ನೋಡುತ್ತಿರುವ ಸಮಯವನ್ನು ಸಾಧಿಸಿ, ಗುದ್ದಿದ ಗಡ್ಡೆಗೆ ಕೈ ಚಾಚಿದರು.

“ಹೆಂಗೈತ್ರೀ ರುಚಿ?” ಎಂದರು ಕಾಕು, ಆ ಕಡೆಯೇ ನೋಡುತ್ತ.

“ಅಲಗು ಒಂಚೂರು ದಪ್ಪಾತು,” ಎಂದು ಕಾಕಾ ಅವರು ಚಾಕುವನ್ನು ಧೋತರದ ಚುಂಗಿನಿಂದ ಒರೆಸುತ್ತ ನನ್ನ ಕಡೆ ತಿರುಗಿದರು, “ಶಿರಹಟ್ಟಿ ಜಾತ್ರಿ ಈ ಸಲ ಯಾವಾಗ ಬರ್ತೈತಿ, ನೋಡಪಾ.”