ನುಂಗಂಬಾಕ್ಕಂ ಸತ್ತಾಮೀಮಾಂಸೆ

‘ಇರುವುದು’ ಎಂದರೇನು ಎಂದು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ತಲೆ ಕೆಡಿಸಿಕೊಂಡವರೆಲ್ಲರಲ್ಲಿ ಒಂದು ನ್ಯೂನತೆ ಸಮಾನವಾಗಿದೆ: ಅವರಲ್ಲಿ ಒಬ್ಬರೂ ಚೆನ್ನೈನ ನುಂಗಂಬಾಕ್ಕಂಗೆ ಹೋಗಿ ವಿಚಾರಿಸಲಿಲ್ಲ. ಯೋಚಿಸುತ್ತಿದ್ದೇನೆ, ಆದ್ದರಿಂದ ಇದ್ದೇನೆ ಎಂದು ದೆಕಾರ್ತ್ ತನ್ನ ಪಾಡಿಗೆ ತಾನೇ ತೀರ್ಮಾನಿಸಿಕೊಂಡ; ಆ ತೀರ್ಮಾನಕ್ಕೆ ಯಾವ ಕಚೇರಿಯ ಮೊಹರೂ ಬಿದ್ದಿರಲಿಲ್ಲ. ಕಾಣಿಸಿಕೊಳ್ಳುವುದೇ ಇರುವಿಕೆ ಎಂದ ಬರ್ಕ್ಲಿ, ಯಾರಿಗೆ, ಎಷ್ಟು ಗಂಟೆಗೆ, ಯಾವ ಕೌಂಟರಿನಲ್ಲಿ ಕಾಣಿಸಿಕೊಳ್ಳಬೇಕೆಂಬ ಜಾಗವನ್ನು ಖಾಲಿ ಬಿಟ್ಟ. ಅದ್ವೈತಿಗಳು ಪಾರಮಾರ್ಥಿಕ, ವ್ಯಾವಹಾರಿಕ, ಪ್ರಾತಿಭಾಸಿಕ ಎಂದು ಮೂರು ಬಗೆಯ ಸತ್ತೆಯನ್ನು ಎಣಿಸಿ ಕೈತೊಳೆದುಕೊಂಡರು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವರು ಜಗತ್ತು ಸತ್ಯ, ಭೇದ ಐದು ಎಂದು ಕಡ್ಡಿ ಮುರಿದಂತೆ ಹೇಳಿದರೂ, ಆ ಸತ್ಯದ ದೃಢೀಕೃತ ನಕಲು ಎಲ್ಲಿ ಸಿಗುತ್ತದೆಂದು ತಿಳಿಸಲಿಲ್ಲ. ಈ ಕೊರತೆಯನ್ನು ನೀಗಲು ಪ್ರಸ್ತುತ ಪ್ರಬಂಧವು ನಾಲ್ಕನೆಯ ಸತ್ತೆಯೊಂದನ್ನು ಮಂಡಿಸುತ್ತದೆ. ಅದಕ್ಕೆ ದಾಖಲಿಕ ಸತ್ತೆ ಎಂದು ಹೆಸರಿಡೋಣ. ಸೂತ್ರ ಸರಳ: ನುಂಗಂಬಾಕ್ಕಂನಲ್ಲಿ ಬರೆದಿಟ್ಟದ್ದು ಇದೆ, ಬರೆಯದೆ ಬಿಟ್ಟದ್ದು ಇಲ್ಲ, ಬರೆಯದಿದ್ದರೂ ಇದ್ದೇನೆ ಎಂದು ಹಟ ಹಿಡಿಯುವ ವಸ್ತು ತನ್ನ ಸ್ವಂತ ಜವಾಬ್ದಾರಿಯ ಮೇಲೆ ಇರತಕ್ಕದ್ದು.

ಮೊದಲ ಸಾಕ್ಷಿ ಮಳೆ. ಚೆನ್ನೈ ಪಾಲಿಕೆಯ ವಿಸ್ತೀರ್ಣ 426 ಚದರ ಕಿಲೋಮೀಟರ್. ನುಂಗಂಬಾಕ್ಕಂನ ಕಾಲೇಜು ರಸ್ತೆಯ ಪ್ರಾದೇಶಿಕ ಹವಾಮಾನ ಕೇಂದ್ರದ ಮಳೆಮಾಪಕದ ಬಾಯಿ ಗೇಣಗಲ. ಊರಿನ ಆಕಾಶವೆಲ್ಲ ಆ ಗೇಣಿನೊಳಗೆ ಹಾದು ಬರಬೇಕು. ಬೆಳಿಗ್ಗೆ ಎಂಟೂವರೆಗೆ ವೀಕ್ಷಕರು ಬಂದು, ಆಲಿಕೆಯನ್ನು ತೆಗೆದು, ಒಳಗೆ ನಿಂತ ನೀರನ್ನು ಗೆರೆ ಕೊರೆದ ಗಾಜಿನ ಅಳತೆಪಾತ್ರೆಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ, ನಡುವೆ ತಗ್ಗಿದ ಅಂಚು ಯಾವ ಗೆರೆಗೆ ತಾಗಿದೆಯೆಂದು ನೋಡಿ ಅಂಕಿ ಬರೆಯುತ್ತಾರೆ. ಅಲ್ಲಿಯವರೆಗೆ ಮಳೆ ಎಂಬುದು ಬರೀ ಗಾಳಿಸುದ್ದಿ. ನೆಲದ ಮೇಲೆ ಗಡಿಗೆ ಇಲ್ಲ ಎಂಬುದನ್ನು ಹೇಗೆ ತಿಳಿಯುತ್ತೇವೆ ಎಂದು ಶತಮಾನಗಟ್ಟಲೆ ವಾದಿಸಿದ ನೈಯಾಯಿಕರು ಈ ಗಡಿಗೆಯನ್ನು ನೋಡಿದ್ದರೆ ಅರ್ಧ ಗ್ರಂಥ ಉಳಿಯುತ್ತಿತ್ತು. ಬಿದ್ದ ನೀರು 0.1 ಮಿಲಿಮೀಟರಿಗೂ ಕಡಿಮೆಯಾದರೆ ಅದನ್ನು ‘ಟ್ರೇಸ್’ ಎಂದು ಬರೆಯುತ್ತಾರೆ. ಅಂದರೆ ಬಟ್ಟೆ ಒದ್ದೆಯಾಗಿದೆ, ಅಂಕಿ ಆಗಿಲ್ಲ. ಇದೆ ಎನ್ನುವಂತಿಲ್ಲ, ಇಲ್ಲ ಎನ್ನುವಂತೆಯೂ ಇಲ್ಲ. ಅದ್ವೈತಿಗಳು ಮಾಯೆಗೆ ಕೊಟ್ಟ ಅನಿರ್ವಚನೀಯ ಎಂಬ ಲಕ್ಷಣಕ್ಕೆ ಇಷ್ಟು ಒಪ್ಪುವ ಉದಾಹರಣೆ ಭಾಷ್ಯಗಳಲ್ಲೂ ಸಿಗದು. ಇನ್ನು 2.5 ಮಿಲಿಮೀಟರ್ ತುಂಬಿದರೆ ಮಾತ್ರ ಆ ದಿನಕ್ಕೆ ಮಳೆಯ ದಿನವೆಂಬ ಪದವಿ. 2.4 ಬಿದ್ದ ದಿನ ಮಳೆ ಬಂದಿದೆ, ಆದರೆ ಮಳೆಯ ದಿನ ಬಂದಿಲ್ಲ. ದಿನವೂ ಎಂಟೂವರೆಯಿಂದ ಎಂಟೂವರೆಗೆ ಆದ್ದರಿಂದ, ಸೋಮವಾರ ಬೆಳಿಗ್ಗೆ 8 ಗಂಟೆ 31 ನಿಮಿಷಕ್ಕೆ ನೆನೆದವನು ದಾಖಲೆಯ ಪ್ರಕಾರ ಮಂಗಳವಾರದ ಮಳೆಯಲ್ಲಿ ನೆನೆದವನು. ಅವನಿಗೆ ಸೋಮವಾರವೇ ನೆಗಡಿಯಾದರೆ ಅದು ಕಾರಣಕ್ಕಿಂತ ಮೊದಲು ಬಂದ ಕಾರ್ಯ, ತಾರ್ಕಿಕರು ನೋಡಿಕೊಳ್ಳಲಿ.

ಮಳೆ ಸಣ್ಣ ವಿಷಯ ಎನ್ನುವವರಿಗಾಗಿ ದೇಶ ಮತ್ತು ಕಾಲವನ್ನೇ ಸಾಕ್ಷಿಗೆ ಕರೆಯಬಹುದು. ಇದೇ ಆವರಣದಲ್ಲಿ ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಮದ್ರಾಸ್ ವೀಕ್ಷಣಾಲಯವನ್ನು ಕಟ್ಟಿ ಮುಗಿಸಿತು. ನೆತ್ತಿಯ ಮೇಲೆ ನಕ್ಷತ್ರ ಹಾಯುವುದನ್ನು ಇಲ್ಲಿ ನೋಡಿ ನಿಶ್ಚಯಿಸಿದ ಮದ್ರಾಸ್ ಸಮಯವನ್ನು ಮುಂದೆ ದೇಶದ ರೈಲುಗಳೆಲ್ಲ ಪಾಲಿಸಿದವು. 1906ರ ಜನವರಿ 1ರಂದು ಈಗಿನ ಭಾರತೀಯ ಕಾಲಮಾನ ಬಂದಾಗ ಮದ್ರಾಸಿನ ಗಡಿಯಾರಗಳನ್ನು ಸುಮಾರು ಒಂಬತ್ತು ನಿಮಿಷ ಮುಂದೆ ತಿರುಗಿಸಬೇಕಾಯಿತು. ಆ ಒಂಬತ್ತು ನಿಮಿಷ ಎಲ್ಲಿ ಹೋದವೆಂದು ಯಾರೂ ದೂರು ಕೊಟ್ಟಿಲ್ಲ. ಆದ್ದರಿಂದ ಅವು ಇರಲಿಲ್ಲ. ದೇಶದ ಕಥೆ ಇನ್ನೂ ಸ್ವಾರಸ್ಯದ್ದು. 1802ರಲ್ಲಿ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಎಳೆದು ಲ್ಯಾಂಬ್ಟನ್ ಶುರು ಮಾಡಿದ ಸರ್ವೆ ಇಡೀ ಭಾರತದ ರೇಖಾಂಶಗಳನ್ನು ಈ ವೀಕ್ಷಣಾಲಯದ ರೇಖಾಂಶಕ್ಕೆ ಗಂಟು ಹಾಕಿತು. ಆಮೇಲೆ ನೋಡಿದರೆ ವೀಕ್ಷಣಾಲಯದ ರೇಖಾಂಶವೇ ಸುಮಾರು ಎರಡೂವರೆ ಕಲೆಯಷ್ಟು ತಪ್ಪು. ಅಂದರೆ ಬೆಂಗಳೂರು, ಧಾರವಾಡ, ಬಳ್ಳಾರಿಗಳೆಲ್ಲ ನಕ್ಷೆಯಲ್ಲಿ ಇರಬೇಕಾದ ಜಾಗಕ್ಕಿಂತ ನಾಲ್ಕು ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕೆ ಕೂತಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನ್ಯಾಯದಂತೆ ದೇಶವನ್ನೇ ಪಶ್ಚಿಮಕ್ಕೆ ತಳ್ಳುವ ತಿದ್ದುಪಡಿಯನ್ನು ನಕ್ಷೆಗಳ ಅಂಚಿನಲ್ಲಿ ಅಚ್ಚು ಹಾಕಿದರು. ವೀಕ್ಷಣಾಲಯ ಕೂತಲ್ಲಿಂದ ಅಲುಗಲಿಲ್ಲ. ಯಾವುದು ತಾನು ಚಲಿಸದೆ ಉಳಿದೆಲ್ಲವನ್ನೂ ಚಲಿಸುವಂತೆ ಮಾಡುತ್ತದೋ ಅದೇ ಪರತತ್ತ್ವ ಎಂದು ಅರಿಸ್ಟಾಟಲ್ ಮೊದಲಾದವರು ಹೇಳಿರುವುದನ್ನು ಇಲ್ಲಿ ನೆನೆಯಬಹುದು.

ಆದರೆ ನಮ್ಮ ಸಿದ್ಧಾಂತದ ನಿಜವಾದ ಒರೆಗಲ್ಲು ಮಳೆಯೂ ಅಲ್ಲ, ನಕ್ಷೆಯೂ ಅಲ್ಲ; ಒಂದು ಧೂಮಕೇತು. ನಾರ್ಮನ್ ಪಾಗ್ಸನ್ 1861ರಲ್ಲಿ ಇಲ್ಲಿಗೆ ಸರ್ಕಾರಿ ಖಗೋಳಜ್ಞನಾಗಿ ಬಂದವನು, ಅದೇ ವರ್ಷದ ಏಪ್ರಿಲ್ 17ರಂದು ಒಂದು ಕ್ಷುದ್ರಗ್ರಹವನ್ನು ಕಂಡು ಅದಕ್ಕೆ ಏಷ್ಯಾ ಎಂದು ಹೆಸರಿಟ್ಟ. ಏಷ್ಯಾದಲ್ಲಿ ಪತ್ತೆಯಾದ ಮೊದಲ ಕ್ಷುದ್ರಗ್ರಹ ಅದು. ಅಂಥವನಿಗೆ 1872ರ ನವೆಂಬರ್ ಕೊನೆಯಲ್ಲಿ ಜರ್ಮನಿಯ ಗಟಿಂಗೆನ್‌ನಿಂದ ಕ್ಲಿಂಕರ್‌ಫ್ಯೂಸ್ ಎಂಬ ಖಗೋಳಜ್ಞನ ತಂತಿ ಬಂತು. ಬೀಲಾ ಎಂಬ ಧೂಮಕೇತು 1846ರಲ್ಲಿ ಎರಡು ಹೋಳಾಗಿ, 1852ರಲ್ಲಿ ಕೊನೆಯ ಸಲ ಮುಖ ತೋರಿಸಿ, ಆಮೇಲೆ ನಾಪತ್ತೆಯಾಗಿತ್ತು. ನವೆಂಬರ್ 27ರ ರಾತ್ರಿ ಉಲ್ಕೆಗಳು ಮಳೆಯಂತೆ ಸುರಿದಾಗ, ಬೀಲಾ ಭೂಮಿಯನ್ನು ಸವರಿಕೊಂಡು ಹೋಗಿರಬೇಕು, ದಕ್ಷಿಣದ ಆಕಾಶದಲ್ಲಿ ಇಂಥ ನಕ್ಷತ್ರದ ಬಳಿ ಹುಡುಕು ಎಂಬುದು ತಂತಿಯ ತಾತ್ಪರ್ಯ. ಪಾಗ್ಸನ್ ಹುಡುಕಿದ, ಡಿಸೆಂಬರ್ ಮೊದಲ ವಾರದ ಎರಡು ಮುಂಜಾವು ಧೂಮಕೇತು ಕಂಡಿತು. ಮೂರನೆಯ ಮುಂಜಾವಿಗೆ ಮದ್ರಾಸಿನ ಹಿಂಗಾರು ಮೋಡ ಅಡ್ಡ ಬಂತು. ಮೋಡ ಸರಿಯುವ ಹೊತ್ತಿಗೆ ಧೂಮಕೇತು ಇರಲಿಲ್ಲ, ಮತ್ತೆಂದೂ ಯಾರಿಗೂ ಕಾಣಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದು ಇದಕ್ಕೇ.

ಮಧ್ವರು ಒಪ್ಪುವ ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಪಾಗ್ಸನ್ನನ ಧೂಮಕೇತುವನ್ನು ಈ ಮೂರರ ಮುಂದೆ ನಿಲ್ಲಿಸಿದರೆ ತತ್ತ್ವಶಾಸ್ತ್ರದ ಚರಿತ್ರೆಯಲ್ಲೇ ಅಪರೂಪದ ಇಕ್ಕಟ್ಟು ಎದುರಾಗುತ್ತದೆ. ಆಗಮ ಗಟಿಂಗೆನ್‌ನಿಂದ ತಂತಿಯ ಮೂಲಕ ಬಂತು, ಬೀಲಾ ಅಲ್ಲಿದೆ ಎಂದಿತು. ಪ್ರತ್ಯಕ್ಷಕ್ಕೆ ಅಲ್ಲೊಂದು ಧೂಮಕೇತು ಕಂಡಿತು. ಅನುಮಾನ, ಅಂದರೆ ಲೆಕ್ಕ, ಕಂಡದ್ದು ಬೀಲಾ ಆಗಿರಲು ಸಾಧ್ಯವಿಲ್ಲ ಎಂದಿತು. ಇದೆ ಎಂದು ಹೇಳಿದ್ದು ಅಲ್ಲಿರಲಿಲ್ಲ. ಅಲ್ಲಿದ್ದದ್ದನ್ನು ಯಾರೂ ಹೇಳಿರಲಿಲ್ಲ. ಹಾಗಾದರೆ ಅದು ಯಾವುದು ಎಂದರೆ ಉತ್ತರವಿಲ್ಲ, ಏಕೆಂದರೆ ಧೂಮಕೇತುವಿನ ಕಕ್ಷೆ ಕಟ್ಟಲು ಕನಿಷ್ಠ ಮೂರು ವೀಕ್ಷಣೆ ಬೇಕು, ಇದ್ದದ್ದು ಎರಡು. ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸಬೇಕೆಂಬ ನಿಯಮವನ್ನು ಗುಮಾಸ್ತರು ಸುಮ್ಮನೆ ಮಾಡಿದ್ದಲ್ಲ, ಅದು ಸೌರಮಂಡಲದ್ದೇ ನಿಯಮ ಎಂಬುದು ಇಲ್ಲಿ ಸಿದ್ಧವಾಗುತ್ತದೆ. ಖಗೋಳಜ್ಞರ ಪಟ್ಟಿಯಲ್ಲಿ ಆ ಧೂಮಕೇತುವಿಗೆ ಇಂದಿಗೂ ಎಕ್ಸ್/1872 ಎಕ್ಸ್1 ಎಂಬ ಗುರುತಿದೆ. ಮೊದಲ ಎಕ್ಸ್ ಅಕ್ಷರವನ್ನು ನಂಬಬಹುದಾದ ಕಕ್ಷೆ ಸಿಗದ ಧೂಮಕೇತುಗಳಿಗೆ ಹಚ್ಚುತ್ತಾರೆ. ಹೆಸರಿದೆ, ವಿಳಾಸವಿಲ್ಲ. ಒಂದು ಮಾತು ಗಮನಿಸಬೇಕು: 1899ರಲ್ಲಿ ಖಗೋಳಜ್ಞರು ಕೊಡೈಕೆನಾಲಿಗೆ ಹೊರಟುಹೋದರು, ಆವರಣ ಹವಾಮಾನದವರಿಗೆ ಉಳಿಯಿತು. ಧೂಮಕೇತುವಿನ ಅಸ್ತಿತ್ವವನ್ನು ಕೆಡಿಸಿದ ಮೋಡಕ್ಕೆ ಈಗ ಅಲ್ಲಿ ಪಕ್ಕಾ ದಾಖಲೆ.

ಇನ್ನು ಪೂರ್ವಪಕ್ಷ. 2015ರ ಡಿಸೆಂಬರ್ 2ರ ಬೆಳಿಗ್ಗೆ ಮುಗಿದ 24 ಗಂಟೆಗಳಲ್ಲಿ ಚೆನ್ನೈ ಅಂಚಿನ ತಾಂಬರಂನಲ್ಲಿ 49 ಸೆಂಟಿಮೀಟರ್ ಮಳೆ ಸುರಿಯಿತು, ನುಂಗಂಬಾಕ್ಕಂನಲ್ಲಿ 29. ಅಡ್ಯಾರ್ ನದಿ ಯಾವ ಅಂಕಿಯನ್ನೂ ಕೇಳದೆ ಮನೆಗಳಿಗೆ ನುಗ್ಗಿತು. ಹೋದ ಜೀವಗಳು ದಾಖಲಿಕವಲ್ಲ. ಗೇಣಗಲದ ಬಾಯಿಯ ಹೊರಗೂ ಜಗತ್ತಿದೆ ಎಂಬುದಕ್ಕೆ ಇನ್ನೇನು ಬೇಕು ಎಂದು ಆಕ್ಷೇಪಿಸುವವರಿಗೆ ಈ ಪ್ರಬಂಧ ತಲೆಬಾಗುತ್ತದೆ, ಆದರೆ ವಾದ ಬಿಡುವುದಿಲ್ಲ. 49 ಎಂಬುದು ನಮಗೆ ತಿಳಿದದ್ದು ತಾಂಬರಂನಲ್ಲೂ ಒಂದು ಮಾಪಕ ಇದ್ದುದರಿಂದ. ಮಾಪಕವೇ ಇಲ್ಲದ ಬೀದಿಯಲ್ಲಿ ಎಷ್ಟು ಬಿತ್ತೆಂದು ಆಕ್ಷೇಪಕರೂ ಹೇಳಲಾರರು. ಅಲ್ಲಿ ಮುಳುಗಿದವನ ಅಸ್ತಿತ್ವ ಪರಿಹಾರದ ಪಟ್ಟಿಯಲ್ಲಿ ಹೆಸರು ಬರುವವರೆಗೆ ಟ್ರೇಸ್. ಮಧ್ವರ ಪರಿಭಾಷೆಯಲ್ಲಿ ಹೇಳುವುದಾದರೆ ನುಂಗಂಬಾಕ್ಕಂ ಸ್ವತಂತ್ರ. ತಾಂಬರಂ, ಮೀನಂಬಾಕ್ಕಂ ಮೊದಲಾದವು ಪರತಂತ್ರ.

ಎರಡನೆಯ ಆಕ್ಷೇಪ ಸೂಕ್ಷ್ಮವಾದುದು: ಇಲ್ಲದ್ದೂ ದಾಖಲೆಯಲ್ಲಿ ಇರಬಹುದಲ್ಲ? ನುಂಗಂಬಾಕ್ಕಂನಲ್ಲಿ ಲೇಕ್ ಏರಿಯಾ ಎಂಬ ಬಡಾವಣೆಯಿದೆ, ಕೆರೆ ಏರಿಯ ಹೆಸರಿನ ಟ್ಯಾಂಕ್ ಬಂಡ್ ರಸ್ತೆಯಿದೆ, ಕೆರೆ ಇಲ್ಲ. ಹಿಂದಿನ ಶತಮಾನದಲ್ಲಿ ಕೆರೆಯನ್ನು ತುಂಬಿಸುತ್ತ ಬಂದು ಮನೆ ಕಟ್ಟಿದರು, ಉಳಿದ ಜಾಗದಲ್ಲಿ 1976ರಲ್ಲಿ ವಳ್ಳುವರ್ ಕೋಟ್ಟಂ ಸ್ಮಾರಕ ಎದ್ದಿತು. ನೈಯಾಯಿಕರ ಪ್ರಕಾರ ಇದು ಪ್ರಧ್ವಂಸಾಭಾವ, ಒಡೆದ ಗಡಿಗೆಯ ಇಲ್ಲದಿರುವಿಕೆ. ಅದಕ್ಕೆ ಆರಂಭವಿದೆ, ಅಂತ್ಯವಿಲ್ಲ. ನಮ್ಮ ಸಿದ್ಧಾಂತದ ಪ್ರಕಾರ ಕೆರೆ ಇದೆ, ಏಕೆಂದರೆ ಅಲ್ಲಿಗೆ ಕಾಗದಗಳು ತಲುಪುತ್ತವೆ. ಜೋರು ಮಳೆ ಬಂದಾಗ ನೀರು ಹಳೆಯ ಜಾಗ ಹುಡುಕಿಕೊಂಡು ಬರುವುದನ್ನು ಈ ಪಕ್ಷಕ್ಕೆ ಪೋಷಕ ಪ್ರಮಾಣವಾಗಿ ತೆಗೆದುಕೊಳ್ಳಬಹುದು.

ನುಂಗಂಬಾಕ್ಕಂ ಮತ ದೇಶದುದ್ದಕ್ಕೂ ಹರಡಿದೆ ಎಂಬುದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ತಾವು ಜೀವಂತ ಇರುವುದಾಗಿ ಪ್ರಮಾಣಪತ್ರ ಕೊಡಬೇಕು. 2014ರ ನವೆಂಬರಿನಿಂದ ಬೆರಳೊತ್ತಿ ಡಿಜಿಟಲ್ ಆಗಿಯೂ ಜೀವಂತ ಇರಬಹುದು. ಎದುರಿಗೆ ನಿಂತು ಕೆಮ್ಮುವುದು ಪ್ರಮಾಣವಲ್ಲ. ಇದೇ ನುಂಗಂಬಾಕ್ಕಂನ ಆದಾಯ ತೆರಿಗೆ ಕಚೇರಿಯಾದ ಆಯಕರ್ ಭವನದಲ್ಲಿ ಮಾತ್ರ ಶಾಸ್ತ್ರ ತಿರುಗುಮುರುಗು: ಅಲ್ಲಿಗೆ ಬರುವವರು ತಮ್ಮ ಆದಾಯ ಇಲ್ಲವೆಂದು ಸಾಧಿಸಲು ಬರುತ್ತಾರೆ.

ಕೊನೆಯ ಆಕ್ಷೇಪ ಅನವಸ್ಥಾದೋಷ. ಎಲ್ಲವನ್ನೂ ನುಂಗಂಬಾಕ್ಕಂ ದಾಖಲಿಸಿದರೆ ನುಂಗಂಬಾಕ್ಕಂ ಅನ್ನು ದಾಖಲಿಸಿದ್ದು ಯಾರು? 1708ರಲ್ಲಿ ಮೊಗಲರ ಕಡೆಯಿಂದ ಕಂಪನಿಗೆ ದೊರೆತ ಐದು ಹಳ್ಳಿಗಳ ಪಟ್ಟಿಯಲ್ಲಿ ಅದರ ಹೆಸರಿದೆ ಎಂದು ಹೇಳಬಹುದು. ಆದರೆ ಗಟ್ಟಿ ಉತ್ತರ ಹವಾಮಾನ ಕೇಂದ್ರದ ಆವರಣದಲ್ಲೇ ನಿಂತಿದೆ: ದೂರದರ್ಶಕ ಉಪಕರಣವನ್ನು ಹೊರಲು 1792ರಲ್ಲಿ ನೆಟ್ಟ ಗ್ರಾನೈಟ್ ಕಂಬ. ಬ್ರಿಟಿಷರ ಔದಾರ್ಯದಿಂದ ಗಣಿತಶಾಸ್ತ್ರಗಳು ಏಷ್ಯಾದಲ್ಲಿ ಮೊದಲು ನಾಟಿಯಾದದ್ದು ಯಾವಾಗ ಎಂದು ಸಾವಿರ ವರ್ಷದ ಆಚೆಯವರಿಗೂ ತಿಳಿಯಲಿ ಎಂಬರ್ಥದ ಶಾಸನ ಅದರ ಮೇಲಿದೆ. ತನ್ನ ಇರುವಿಕೆಗೆ ತಾನೇ ಸಾಕ್ಷಿ ಬರೆದುಕೊಳ್ಳುವುದನ್ನು ವೇದಾಂತಿಗಳು ಸ್ವಪ್ರಕಾಶತ್ವ ಎನ್ನುತ್ತಾರೆ. ಕಂಬದ ಮೇಲೆ ಲ್ಯಾಟಿನ್ ಇದೆ, ತಮಿಳಿದೆ, ತೆಲುಗಿದೆ, ಕನ್ನಡವಿಲ್ಲ. ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನೊಡನೆ ಒಪ್ಪಂದ ಮಾಡಿಕೊಂಡ ಕಂಪನಿಗೆ ಮಂಗಳೂರು, ಬಳ್ಳಾರಿಗಳು ಇನ್ನೂ ಸಿಕ್ಕಿರಲಿಲ್ಲ, ಹಾಗಾಗಿ ಕನ್ನಡಿಗರು ಇರಲಿಲ್ಲ. ಗಣಿತ ಏಷ್ಯಾಕ್ಕೆ ಬಂದದ್ದೇ ಆಗ ಎಂದಮೇಲೆ, ಕ್ರಿ.ಶ. 850ರ ಸುಮಾರಿಗೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯನೂ ಇರಲಿಲ್ಲ. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸ್ ಸರ್ಕಾರವೇ ಆ ಗ್ರಂಥವನ್ನು ಅಚ್ಚು ಹಾಕಿಸಿದ ಮೇಲೆ ಅವನು ಪೂರ್ವಾನ್ವಯವಾಗಿ ಇದ್ದಾನೆ. ಕಂಬದ ಶಾಸನ ಮಾತ್ರ ತಿದ್ದುಪಡಿಯಾಗಿಲ್ಲ. ಸಾವಿರ ವರ್ಷದ ಅವಧಿ ಮುಗಿಯುವುದು 2792ರಲ್ಲಿ. ಈ ಬಗ್ಗೆ ಆಕ್ಷೇಪಣೆ ಇರುವ ಕನ್ನಡಿಗರು ಅಷ್ಟರೊಳಗೆ ತಮ್ಮ ಅರ್ಜಿಗಳನ್ನು ಮೂರು ಪ್ರತಿಗಳಲ್ಲಿ ಸಲ್ಲಿಸಬೇಕಾಗಿ ವಿನಂತಿ. ಎರಡು ಪ್ರತಿ ಸಾಲವು.