ಐದು ತಟ್ಟೆ, ಒಂದು ಕಣ್ಣು

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ನಾಲ್ಕೂವರೆ ಅಡಿಯ ಕಾಂಪೌಂಡು. ಮೊಣಕೈ ಊರಿಕೊಂಡು ಹರಟಲು ಹೇಳಿ ಮಾಡಿಸಿದ ಎತ್ತರ. ಆದರೂ ಒಂಬತ್ತು ವರ್ಷ ಅದರ ಮೇಲೆ ಯಾರ ಮೊಣಕೈಯೂ ಊರಿರಲಿಲ್ಲ. ನಮ್ಮ ತೆಂಗಿನ ಗರಿ ಅವರ ಸಂಪಿಗೆ ಗಿಡದ ಮೇಲೆ ಬಿದ್ದದ್ದೇ ನೆಪವಾಗಿ ಮಾತು ನಿಂತಿತ್ತು. ಎದುರಾದರೆ ಒಂದು ಕೆಮ್ಮು, ಅಷ್ಟೇ.

2005ರಲ್ಲಿ ಒಂದು ಬೆಳಿಗ್ಗೆ ನಾನು ತುಳಸಿಗೆ ನೀರು ಹಾಕುತ್ತಿದ್ದಾಗ ಗೋಡೆಯಾಚೆಯಿಂದ ತಲೆ ಮೇಲೆದ್ದಿತು.

"ರಾಯರೇ, ರಾತ್ರಿ ನಿಮ್ಮನೇಲಿ ಬೋರ್‌ವೆಲ್ ಕೊರೆಸ್ತಿದ್ರಾ?"

"ಇಲ್ವಲ್ಲ ಮೇಷ್ಟ್ರೇ."

"ಮತ್ತೆ ನಮ್ಮ ಅಡಿಗೆಮನೆ ಸ್ಟ್ಯಾಂಡಲ್ಲಿ ಲೋಟಗಳು ತಾವಾಗೇ ನಡೀತಿದ್ವು. ಒಂದು ಬಿದ್ದೂ ಹೋಯ್ತು."

ನನಗೆ ಸಂಕೋಚಕ್ಕಿಂತ ಹೆಮ್ಮೆಯೇ ಹೆಚ್ಚಾಯಿತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಅದು ಬೋರ್‌ವೆಲ್ ಅಲ್ಲ, ಸಬ್‌ವೂಫರ್. ಹೋಂ ಥಿಯೇಟರ್ ಅಂದರೆ ಐದು ಸ್ಪೀಕರು ಮತ್ತು ಈ ಗುಡುಗುವ ಪೆಟ್ಟಿಗೆ, ಇದಕ್ಕೇ 5.1 ಅನ್ನುವುದು, ಅಂತ ವಿವರಿಸಿದೆ. ಆ ಪಾಯಿಂಟ್ ಒಂದರ ದಾರಿಯಲ್ಲಿ ಹೋಗುವುದು ಸುಮಾರು 120 ಹರ್ಟ್ಸ್‌ನೊಳಗಿನ ತಗ್ಗು ಸದ್ದು ಮಾತ್ರ. ಪೂರ್ತಿ ದಾರಿಯಲ್ಲವಲ್ಲ, ಅದಕ್ಕೆ ಅದನ್ನು ಒಂದು ಅಂತ ಎಣಿಸದೆ ಪಾಯಿಂಟ್ ಒಂದು ಅಂತ ಎಣಿಸಿದ್ದಾರೆ. ಮೇಷ್ಟ್ರು ನಲವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವರು, ತಲೆಯಾಡಿಸಿದರು. ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು: "ಪಾಯಿಂಟ್ ಒಂದೇ ಇಷ್ಟು ಮಾಡಿದ್ರೆ, ಪೂರ್ತಿ ಒಂದಿದ್ದಿದ್ರೆ ಮನೆ ಉಳೀತಿತ್ತೇನ್ರೀ?"

ಲೋಟದ ದೂರು ಹೇಳಲು ಬಂದ ಮೇಷ್ಟ್ರು ಅವತ್ತೇ ಸಂಜೆ ಯಂತ್ರ ನೋಡಲು ಬಂದರು.

ಅದು ಬಂದದ್ದು ಅಮೆರಿಕದಿಂದ. ಅಕ್ಕನ ಮಗ ಸ್ಯಾನ್ ಹೋಸೆಯಲ್ಲಿ ಇಂಜಿನಿಯರು. "ಮಾವ, ರಿಟೈರ್ ಆಗಿದೀಯ, ಏನು ಬೇಕು ಹೇಳು" ಅಂದ. ಐದು ಡಿಸ್ಕಿನ ಒಳ್ಳೇ ಡಿವಿಡಿ ಪ್ಲೇಯರ್ ಅಂದೆ. ನಿಜವಾಗಿ ಮನಸ್ಸಿದ್ದದ್ದು ಸೋನಿಯವರ 400 ಡಿಸ್ಕಿನದರ ಮೇಲೆ. ನಾನೂರು ಡಿಸ್ಕುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿಟ್ಟುಕೊಂಡು, ಬೇಕಾದ್ದನ್ನು ತಾನೇ ಹೆಕ್ಕಿ ಹಾಕಿಕೊಳ್ಳುವ ಯಂತ್ರ. ಅದರ ಚಿತ್ರ ನೋಡಿ ನಿದ್ದೆ ಕೆಟ್ಟಿತ್ತು. ಆದರೆ ನನ್ನ ಹತ್ತಿರ ಆಗ ಇದ್ದ ಡಿಸ್ಕುಗಳು ಹನ್ನೊಂದು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವನಿಗೆ ಅಷ್ಟಾದರೂ ವಿವೇಕ ಇರಬೇಕು.

ಒಳ್ಳೇ ಯಂತ್ರ ಅಂತ ಗೊತ್ತಾಗುವುದು ಹೇಗೆ? ಹಲಸಿನಹಣ್ಣಿನ ಹಾಗೆ, ಎತ್ತಿ ನೋಡಬೇಕು. ಇದು ಭಾರವಾಗಿತ್ತು. ಮುಂದೆ ದಪ್ಪ ಅಲ್ಯೂಮಿನಿಯಂ, ಹಿಂದೆ ಬಂಗಾರದ ಬಣ್ಣದ ತೂತುಗಳ ಸಾಲು. ಗುಂಡಿ ಒತ್ತಿದರೆ ಒಂದು ಮಾರು ನಾಲಿಗೆ ಚಾಚಿದ ಹಾಗೆ ಟ್ರೇ ಹೊರಬರುತ್ತಿತ್ತು. ಅದರ ಮೇಲೆ ದುಂಡಗೆ ಐದು ಗುಳಿ, ಜಾತ್ರೆಯ ತಿರುಗುವ ಕುದುರೆಗಳ ಹಾಗೆ. ಟ್ರೇ ಅರ್ಧ ಹೊರಗಿದ್ದಾಗ ಎರಡು ಮೂರು ಗುಳಿ ಕಾಣುತ್ತವೆ, ಮಿಕ್ಕವಕ್ಕೆ ತಿರುಗಿಸುವ ಗುಂಡಿ ಒತ್ತಬೇಕು. ಒಂದು ಡಿಸ್ಕು ಓಡುತ್ತಿರುವಾಗಲೇ ಮಿಕ್ಕ ನಾಲ್ಕನ್ನು ಬದಲಾಯಿಸಬಹುದಿತ್ತು. ಓದುವ ಲೇಸರ್ ಕಣ್ಣು ಮಾತ್ರ ಒಂದೇ. ಐದು ತಟ್ಟೆ ಸರದಿಯಲ್ಲಿ ಅದರ ಮುಂದೆ ಬಂದು ಕೂರಬೇಕು. "ಇದು ದ್ರೌಪದಿ ಸಂಸಾರ" ಅಂದರು ಮೇಷ್ಟ್ರು.

ತೊಂದರೆ ಷೋಕೇಸಿನಲ್ಲಿ ಶುರುವಾಯಿತು. ಹದಿನಾಲ್ಕು ಅಂಗುಲ ಆಳದ ಷೋಕೇಸು. ಯಂತ್ರದ ಮೂತಿ ಗೇಣುದ್ದ ಹೊರಗೆ. ಕಂಪನಿಯವರು ಜಾಗ ದಂಡ ಮಾಡಿದ್ದಾರೆ ಅಂತ ನಾನು ಗೊಣಗಿದೆ. ಮೇಷ್ಟ್ರಿಗೆ ಅದು ಸಹಿಸಲಿಲ್ಲ. ಮಾರನೇ ಬೆಳಿಗ್ಗೆ ಹೆಂಚಿನ ಚೂರು ಹಿಡಿದು ಕಾಂಪೌಂಡಿನ ಮೇಲೆ ಬರೆಯತೊಡಗಿದರು. "ನೋಡಿ ರಾಯರೇ, ಡಿಸ್ಕಿನ ವ್ಯಾಸ 12 ಸೆಂಟಿಮೀಟರು. ಐದನ್ನೂ ಒಂದಕ್ಕೊಂದು ತಾಗೋ ಹಾಗೆ ದುಂಡಗೆ ಇಟ್ರಿ ಅನ್ಕೊಳ್ಳಿ. ಮಧ್ಯದಿಂದ ನೋಡಿದ್ರೆ ಪಕ್ಕಪಕ್ಕದ ಎರಡು ಡಿಸ್ಕಿನ ನಡುವೆ 72 ಡಿಗ್ರಿ, ಅದರರ್ಧ 36. ಆರನ್ನ ಸೈನ್ 36ರಿಂದ ಭಾಗಿಸಿ, 10.2. ಅದಕ್ಕೆ ಆರು ಕೂಡಿಸಿ, ಎರಡರಿಂದ ಗುಣಿಸಿ. 32.4 ಸೆಂಟಿಮೀಟರು ಬರೀ ತಟ್ಟೆಗೇ ಬೇಕು. ಆಮೇಲೆ ಮೋಟಾರು, ವೈರು, ಡಬ್ಬ ಎಲ್ಲಿಡ್ತಾರೆ, ತಲೆ ಮೇಲಾ?" ಆ ಐದು ವೃತ್ತಗಳ ಚಿತ್ರ ಮುಂದಿನ ಸುಣ್ಣದ ತನಕ ಗೋಡೆಯ ಮೇಲೆ ಹಾಗೇ ಇತ್ತು. ಆಚಾರಿ ಬಂದು ಷೋಕೇಸಿನ ಬೆನ್ನಿಗೆ ಕಿಟಕಿ ಕೊರೆದುಕೊಟ್ಟ.

ಎರಡನೆಯ ತೊಂದರೆ ಕರೆಂಟು. ಅಲ್ಲಿನದು 120 ವೋಲ್ಟ್, ನಮ್ಮದು 230. ನೇರ ಸಿಕ್ಕಿಸಿದ್ದರೆ ಡಿವಿಡಿ ಬದಲು ದೀಪಾವಳಿ ನೋಡುತ್ತಿದ್ದೆವು. ಎಸ್.ಪಿ. ರೋಡಿಗೆ ಹೋಗಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ. ಅದು ಪ್ಲೇಯರಿಗಿಂತ ಭಾರ, ಮೇಲೆ ಹಗಲೂ ರಾತ್ರಿ ಸಂಧ್ಯಾವಂದನೆಯ ಜಪದಂತೆ ಗುಂಯ್‌ಗುಟ್ಟುವುದು. ಮೂರನೆಯದು ಪ್ರದೇಶದ ಕಿರಿಕಿರಿ. ಸಿನಿಮಾ ಕಂಪನಿಗಳು ಭೂಮಂಡಲವನ್ನೇ ಹಂಚಿಕೊಂಡಿದ್ದವು: ಅಮೆರಿಕ 1, ಯುರೋಪ್ ಮತ್ತು ಜಪಾನ್ 2, ನಾವು 5. ವಿಮಾನ, ಹಡಗುಗಳಿಗೂ ಬೇರೆಯೇ ಒಂದು, 8. ಒಂದನೇ ಪ್ರದೇಶದ ಯಂತ್ರ ಐದನೇ ಪ್ರದೇಶದ ಡಿಸ್ಕನ್ನು ಮೂಸಿಯೂ ನೋಡುವುದಿಲ್ಲ. "ಸೀಡಿಗೂ ವೀಸಾ ಬೇಕಾ?" ಅಂದರು ಮೇಷ್ಟ್ರು. (ಅವರಿಗೆ ದುಂಡಗೆ ಹೊಳೆಯುವುದೆಲ್ಲ ಸೀಡಿ. ಊರಿಗೆಲ್ಲ ಹಾಗೇ ಅನ್ನಿ.) ಅದೃಷ್ಟಕ್ಕೆ ನಮ್ಮ ದೇಶದ ಸಿನಿಮಾಗಳ ಡಿಸ್ಕುಗಳು ಅನೇಕವು ಎಲ್ಲ ಪ್ರದೇಶಕ್ಕೂ ಸಲ್ಲುವಂಥವು, ಹೊರದೇಶದಲ್ಲಿರುವ ನಮ್ಮವರೂ ಕೊಳ್ಳಬೇಕಲ್ಲ.

ಆಮೇಲೆ ಬಣ್ಣ. ಚಿತ್ರವನ್ನು ಮೂರು ತಂತಿಯಲ್ಲಿ ಬೇರೆ ಬೇರೆ ಕಳಿಸುವ ಕಾಂಪೊನೆಂಟ್ ಜೋಡಣೆ, ಹಸಿರು, ನೀಲಿ, ಕೆಂಪು. ಮಬ್ಬಿನಲ್ಲಿ ನೀಲಿಯ ಜಾಗಕ್ಕೆ ಕೆಂಪು, ಕೆಂಪಿನ ಜಾಗಕ್ಕೆ ನೀಲಿ ಸಿಕ್ಕಿಸಿದ್ದೆ. ಹಾಕಿದ್ದು ರಮಾನಂದ ಸಾಗರರ ರಾಮಾಯಣ. ರಾಮನೊಬ್ಬನೇ ಅಲ್ಲ, ದಶರಥ, ಕೈಕೇಯಿ, ಮಂಥರೆ ಎಲ್ಲರೂ ನೀಲಮೇಘಶ್ಯಾಮರು. ಅಮ್ಮ ಮಾತ್ರ ಚೂರೂ ಅನುಮಾನಪಡದೆ ಕೈಮುಗಿದು ಕೂತಿದ್ದಳು. "ಹಳೇ ಟೀವೀಲಿ ಇಷ್ಟು ಚೆನ್ನಾಗಿ ಕಾಣ್ತಿರಲಿಲ್ಲ ಕಣೋ" ಅಂದಳು.

ಈ ರಾಮಾಯಣದ ವಿಚಾರವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಒಂದು ಸಿನಿಮಾಕ್ಕೆ ಐದು ತಟ್ಟೆಯ ಯಂತ್ರ ಯಾಕೆ ಅಂತ ಮೇಷ್ಟ್ರು ಕೇಳಿದ್ದರು, ನ್ಯಾಯವಾದ ಪ್ರಶ್ನೆ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರದ್ದರಲ್ಲಿ 8.5 ಜಿಬಿ, ಸಾಧಾರಣ ಸಿನಿಮಾ ಒಂದರಲ್ಲೇ ಮುಗಿಯುತ್ತದೆ. ಐದು ತಟ್ಟೆಯ ಉಪಾಯ ಹಾಡಿನ ಸೀಡಿಗಳ ಕಾಲದ್ದು. ಒಂದು ಸೀಡಿಗೆ 74 ನಿಮಿಷದಂತೆ ಐದು ಹಾಕಿಬಿಟ್ಟರೆ ಆರು ಗಂಟೆ ಸಂಗೀತ, ಏಳುವ ಹಾಗಿಲ್ಲ. ಡಿವಿಡಿಗೂ ಅದನ್ನೇ ಅಂಟಿಸಿದರು, ಅಷ್ಟೇ. ನಾನು ಹಾಗಂತ ಒಪ್ಪಿಕೊಳ್ಳಲಿಲ್ಲ; ರಾಮಾಯಣ ತೋರಿಸಿದೆ. 1987-88ರಲ್ಲಿ ದೂರದರ್ಶನದಲ್ಲಿ ಬಂದ 78 ಕಂತುಗಳು, ಡಿಸ್ಕುಗಳ ದೊಡ್ಡ ಕಟ್ಟು. ಇದಕ್ಕೇ ಐದು ತಟ್ಟೆ.

ಅಲ್ಲೇ ನಾನು ಸಿಕ್ಕಿಬಿದ್ದೆ. ಅಮ್ಮನಿಗೆ ಅದು ಸಿನಿಮಾ ಅಲ್ಲ, ಪಾರಾಯಣ. ಪಾರಾಯಣಕ್ಕೆ ಒಂದು ಕಟ್ಟುಪಾಡು: ಅಶುಭದ ಕಡೆ ನಿಲ್ಲಿಸುವ ಹಾಗಿಲ್ಲ. ಪುಸ್ತಕವಾದರೆ ಹಾಳೆ ತಿರುವಿ ಒಳ್ಳೆಯ ಕಡೆ ಮುಗಿಸಬಹುದು. ಇಲ್ಲಿ ದಶರಥ ಪ್ರಾಣ ಬಿಡುವ ಹೊತ್ತಿಗೆ ಸರಿಯಾಗಿ ಒಂದು ಡಿಸ್ಕು ಮುಗಿಯಿತು. ನಾನು ಆರಿಸಲು ಎದ್ದೆ. "ಲೋ, ಹೆಣ ಇಟ್ಕೊಂಡು ನಿಲ್ಲಿಸ್ತೀಯೇನೋ? ಮುಂದಿಂದು ಬರ್ಲಿ." ಟ್ರೇ ಒಳಗೇ ಗರಗರ ಅಂತ ತಿರುಗಿ ಮುಂದಿನದು ಬಂತು. ಅದರಲ್ಲಿ ಭರತನ ಗೋಳು. ಶುಭ ಎಲ್ಲಿದೆ? ಪಾದುಕೆ ಪಟ್ಟಾಭಿಷೇಕದ ತನಕ ಕೂತೆವು, ರಾತ್ರಿ ಹನ್ನೊಂದೂವರೆ. ಒಂದು ಡಿಸ್ಕಿನ ಯಂತ್ರವಾಗಿದ್ದರೆ "ಸೀಡಿ ಮುಗೀತಮ್ಮ" ಅಂದು ಪಾರಾಗಬಹುದಿತ್ತು. ಐದು ತಟ್ಟೆಯದಕ್ಕೆ ಆ ಸುಳ್ಳೂ ನಡೆಯಲಿಲ್ಲ. ಸೀತಾಪಹರಣದ ದಿನಗಳಲ್ಲಿ ಮೇಷ್ಟ್ರೂ ಬಂದು ಕೂರತೊಡಗಿದ್ದರು. ಡಿಸ್ಕು ಬದಲಾಗುವ ಆ ಕಾಲು ನಿಮಿಷದಲ್ಲಿ ನನ್ನ ಹೆಂಡತಿ ಕಾಫಿ ಲೋಟ ಎತ್ತುವಳು, ಅಮ್ಮ ಕಾಲು ಚಾಚಿಕೊಳ್ಳುವಳು, ಮೇಷ್ಟ್ರು ವಾಲಿವಧೆ ಸರಿಯೋ ತಪ್ಪೋ ಅಂತ ಶುರು ಮಾಡುವರು. ಆ ಚರ್ಚೆಯ ಬಹುಪಾಲು ಮರುದಿನ ಕಾಂಪೌಂಡಿನ ಮೇಲೆ ಮುಂದುವರಿಯುತ್ತಿತ್ತು. ನಡುನಡುವೆ ಚಿತ್ರ ಅರೆಕ್ಷಣ ಸ್ತಬ್ಧವಾಗುವುದೂ ಇತ್ತು. ಎರಡು ಪದರದ ಡಿಸ್ಕಿನಲ್ಲಿ ಲೇಸರ್ ಕಣ್ಣು ಒಂದು ಪದರ ಓದಿ ಮುಗಿಸಿ ಇನ್ನೊಂದರ ಮೇಲೆ ನೋಟ ನಿಲ್ಲಿಸಿಕೊಳ್ಳುವ ಹೊತ್ತು ಅದು. "ಹನುಮಂತ ಯೋಚನೆ ಮಾಡ್ತಿದಾನೆ" ಅನ್ನುತ್ತಿದ್ದಳು ಅಮ್ಮ.

ಇನ್ನು ಹೋಂ ಥಿಯೇಟರಿನ ಗತ್ತು. ಹೊಸ ಇಂಗ್ಲಿಷ್ ಸಿನಿಮಾ ಹಾಕಿದರೆ ಬೆನ್ನ ಹಿಂದೆ ಮಳೆ ಬರುತ್ತಿತ್ತು, ನಿಜ. ಅಮ್ಮ ಎರಡು ಸಲ ಒಣಗಲು ಹಾಕಿದ ಬಟ್ಟೆ ತರಲು ಎದ್ದಿದ್ದಾಳೆ. ಆದರೆ ನಾವು ಮತ್ತೆ ಮತ್ತೆ ನೋಡುತ್ತಿದ್ದದ್ದು 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ'. 1971, 72ರ ಚಿತ್ರಗಳು. ಶಬ್ದ ಒಂದೇ ದಾರಿಯದು. ಅದೆಲ್ಲ ಮಧ್ಯದ ಸ್ಪೀಕರಿಗೆ ಹೋಗಿ ಮಿಕ್ಕವು ಮೂಕವಾಗಿ ಕೂರುತ್ತಿದ್ದವು. ನಮ್ಮ ಶಾಖೆ ನೆನಪಾಗುತ್ತಿತ್ತು: ಮಧ್ಯದ ಕೌಂಟರಿನವನೊಬ್ಬ ದುಡಿಯುತ್ತಾನೆ, ಸುತ್ತ ಐವರು ನೋಡುತ್ತಾರೆ. ಪ್ರೋಗ್ರೆಸಿವ್ ಸ್ಕ್ಯಾನ್ ಅಂತ ಇನ್ನೊಂದಿತ್ತು, ಚಿತ್ರದ ಗೆರೆಗಳನ್ನೆಲ್ಲ ಒಟ್ಟಿಗೆ ಬಿಡಿಸುವುದು. ಅದನ್ನು ತೋರಿಸುವ ಶಕ್ತಿ ನಮ್ಮ ದಪ್ಪ ಬೆನ್ನಿನ ಟೀವಿಗೆ ಇರಲಿಲ್ಲ. ಬಾವಿ ತುಂಬ ನೀರು, ಚೊಂಬು ಸಣ್ಣದು.

2007ರಲ್ಲಿ ಮೋಸರ್ ಬೇರ್ ಕಂಪನಿ 34 ರೂಪಾಯಿಗೆ ಡಿವಿಡಿ ಕೊಡಲು ಶುರುಮಾಡಿದಾಗ ನನ್ನ ಹನ್ನೊಂದು ಡಿಸ್ಕು ಇನ್ನೂರಾದವು. ಅರ್ಧ ಇನ್ನೂ ಪ್ಲಾಸ್ಟಿಕ್ ಹರಿಯದೆ ಇವೆ. ಅಗ್ಗ ಅಂತ ಕೊಂಡದ್ದನ್ನು ನೋಡಲೇಬೇಕು ಅಂತ ಎಲ್ಲಿದೆ?

ಆರನೇ ವರ್ಷ ಟ್ರೇ ಮುಷ್ಕರ ಹೂಡಿತು. ಗುಂಡಿ ಒತ್ತಿದರೆ ಒಳಗೆ ಮೋಟಾರು ನರಳುವುದು, ನಾಲಿಗೆ ಮಾತ್ರ ಹೊರಬರದು. ಯಾವ ಅಂಗಡಿಯವನೂ ಈ ಮಾಡೆಲ್ ಇಲ್ಲಿ ನೋಡಿಲ್ಲ ಅಂದ. ಕೊನೆಗೆ ಮೇಷ್ಟ್ರೂ ನಾನೂ ಜಗುಲಿಯಲ್ಲಿ ಮುಚ್ಚಳ ಬಿಚ್ಚಿದೆವು. ಒಂದು ಒಣ ಜಿರಲೆ, ಬೊಗಸೆ ಧೂಳು, ಮೂಲೆಯಲ್ಲಿ ಬಳೆಯಷ್ಟು ಸಣ್ಣ ರಬ್ಬರ್ ಬೆಲ್ಟು. ಬೆಲ್ಟು ಸಡಿಲಾಗಿ ಗಾಲಿಯ ಮೇಲೆ ಜಾರುತ್ತಿತ್ತು. ಇಷ್ಟು ದೊಡ್ಡ ಯಂತ್ರ, ಪ್ರಾಣ ಒಂದು ರಬ್ಬರಿನಲ್ಲಿ. ಕುದಿವ ನೀರಲ್ಲಿ ಹಾಕಿದರೆ ಸ್ವಲ್ಪ ಬಿಗಿಯಾಗುತ್ತೆ ಅಂತ ಎಲ್ಲೋ ಓದಿದ್ದೆ. ಹೆಂಡತಿ ಹಾಲಿನ ಪಾತ್ರೆ ಕೊಡಲಿಲ್ಲ, ಸ್ನಾನದ ನೀರಿನ ತಂಬಿಗೆ ಕೊಟ್ಟಳು. ಎರಡು ನಿಮಿಷ ಕುದಿಸಿ ಒರೆಸಿ ಹಾಕಿದೆವು. ಟ್ರೇ ಹೊರಬಂತು! ಮೇಷ್ಟ್ರು ಚಪ್ಪಾಳೆ ತಟ್ಟಿದರು. ಮೂರು ತಿಂಗಳಿಗೆ ಮತ್ತೆ ಕುದಿಸಬೇಕಾಯಿತು, ಆಮೇಲೆ ಎಸ್.ಪಿ. ರೋಡಿನಲ್ಲಿ ಅದೇ ಅಳತೆಯದು ಸಿಕ್ಕಿತು, ಅದು ಬೇರೆ ಮಾತು.

ಈಗ ಅಮ್ಮನಿಲ್ಲ. ಟೀವಿ ಬೆನ್ನು ಕಳೆದುಕೊಂಡು ಗೋಡೆ ಹತ್ತಿದೆ. ಅಕ್ಕನ ಮಗನಿಗೆ ಅಂಚೆಯಲ್ಲಿ ಕೆಂಪು ಲಕೋಟೆಯಲ್ಲಿ ಡಿವಿಡಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್‌ನವರೇ 2023ರ ಸೆಪ್ಟೆಂಬರಿನಲ್ಲಿ ಆ ಅಂಗಡಿ ಮುಚ್ಚಿದರಂತೆ. "ಮಾವ, ಇನ್ನೂ ಇಟ್ಕೊಂಡಿದೀಯಾ ಅದನ್ನ!" ಅಂತ ಫೋನಿನಲ್ಲಿ ನಗುತ್ತಾನೆ. ಇಟ್ಟುಕೊಂಡಿದ್ದೇನೆ. ಟ್ರಾನ್ಸ್‌ಫಾರ್ಮರಿನ ಜಪವೂ ನಡೆದಿದೆ.

ಹೋದ ಭಾನುವಾರ ಮೇಷ್ಟ್ರು ಗೋಡೆಯ ಮೇಲಿಂದ ಒಂದು ಕವರು ಚಾಚಿದರು. ಮಗಳ ಮದುವೆಯ ವಿಡಿಯೋ, ಮೂರು ಡಿಸ್ಕು, ಮೇಲೆ ಮಾರ್ಕರಿನಲ್ಲಿ ವರಪೂಜೆ, ಧಾರೆ, ರಿಸೆಪ್ಷನ್. "ನಮ್ಮನೇಲಿ ಸೀಡಿ ಹಾಕೋ ತೂತು ಇರೋ ಯಾವ ಯಂತ್ರಾನೂ ಇಲ್ಲ ರಾಯರೇ. ಮೊಮ್ಮಗಳು ಅಜ್ಜಿ ಹೇಗಿದ್ರು ಅಂತ ಕೇಳ್ತಾಳೆ."

ಮೂರನ್ನೂ ಟ್ರೇಯಲ್ಲಿ ಕೂರಿಸಿದೆ. ಸ್ಟುಡಿಯೋದವರು ಮನೆಯಲ್ಲೇ ಬರೆದ ಡಿಸ್ಕುಗಳು ಬಣ್ಣದ ಪದರ ಮಾಸಿ ವರ್ಷ ಕಳೆದಂತೆ ಓದಿಸಿಕೊಳ್ಳುವುದಿಲ್ಲ, ಭಯವಿತ್ತು. ವರಪೂಜೆ ಚೆನ್ನಾಗಿ ಬಂತು. ಮೇಷ್ಟ್ರ ಹೆಂಡತಿ ಹಸಿರು ಸೀರೆಯಲ್ಲಿ ತಟ್ಟೆ ಹಿಡಿದು ಓಡಾಡುತ್ತಿದ್ದರು, ಯಾರಿಗೋ ಬೈಯುತ್ತಿದ್ದರು. ಟ್ರೇ ತಿರುಗಿತು. ಧಾರೆಯ ಡಿಸ್ಕು ಬಂತು, ಒಳಗೆ ಕಟಕಟ ಅಂದಿತು, ಇನ್ನೊಮ್ಮೆ ಕಟಕಟ. ಆಮೇಲೆ ಯಂತ್ರ ತಾನೇ ಬೇಸತ್ತು ಮುಂದಿನದಕ್ಕೆ ಹೊರಳಿ ನೇರ ರಿಸೆಪ್ಷನ್ ಶುರು ಮಾಡಿತು.

"ತಾಳಿನೇ ಕಟ್ಟದೆ ಐಸ್ ಕ್ರೀಮ್ ತಿನ್ನಿಸ್ತಿದೆ ನಿಮ್ಮ ಯಂತ್ರ" ಅಂದರು ಮೇಷ್ಟ್ರು.

ಡಿಸ್ಕು ತೆಗೆದು ಪಂಚೆಯ ತುದಿಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ದುಂಡಗೆ ಒರೆಸಬಾರದು, ಗೀರು ಬಿದ್ದರೆ ಓದುವ ದಾರಿಯುದ್ದಕ್ಕೂ ಬೀಳುತ್ತದೆ. ಎರಡನೇ ಗುಳಿಯಲ್ಲಿ ಬೇಡ, ನಾಲ್ಕನೆಯದರಲ್ಲಿ ಇಡಿ, ಅದು ಸಮವಾಗಿ ಕೂರುತ್ತೆ ಅಂದರು ಮೇಷ್ಟ್ರು; ಅದರಿಂದ ಏನೂ ಆಗದು ಅಂತ ಇಬ್ಬರಿಗೂ ಗೊತ್ತಿತ್ತು. ನಾಲ್ಕನೆಯದರಲ್ಲೇ ಇಟ್ಟೆ.